ಸ್ಯಾಂಪಲ್ ಗೋಧಿ

ಚೀಲದ ಬಾಯಿ ಬಿಚ್ಚಿದ್ದೇ ತಡ, ಲತೀಫಾ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ತೊಯ್ದ ಗೋಣಿಯ ವಾಸನೆ, ಅದರ ಕೆಳಗೆ ಇಲಿಯ ಉಚ್ಚೆಯ ವಾಸನೆ, ಅದರ ಕೆಳಗೆ ಇನ್ನೂ ಒಂದು, ಹೆಸರಿಡಲು ಮನಸ್ಸಾಗದಂಥದ್ದು. ಗೋಧಿ ಕಾಳು ನುಸಿಯ ಬಲೆಯಲ್ಲಿ ಸಿಕ್ಕಿ ಮುಷ್ಟಿ ಮುಷ್ಟಿ ಗಂಟಾಗಿತ್ತು. ಒಂದು ಗಂಟನ್ನು ಒಡೆದರೆ ಬಿಳಿ ಹುಳವೊಂದು ಹೊರಗೆ ಬಂದು, ಬೆಳಕು ಕಂಡು, ಮತ್ತೆ ಒಳಗೆ ಸರಿಯಿತು. ಮಲ್ಕಮ್ಮ ಮಾತ್ರ ಮೊಣಕೈ ತನಕ ಚೀಲದಲ್ಲಿ ಕೈ ಹಾಕಿ, ಈ ಸಲ ಎಷ್ಟೋ ವಾಸಿ, ಹೋದ ತಿಂಗಳಿನದು ಇದಕ್ಕಿಂತ ಹೊಲಸಿತ್ತು ಎಂದಳು. ಅವಳ ದನಿಯಲ್ಲಿದ್ದ ಸಮಾಧಾನವೇ ಲತೀಫಾಗೆ ಹೇಸಿಗೆ ತಂದಿತು.

ನೀಲವಾಡಿ ಕಮಲಾಪುರದಿಂದ ಏಳು ಕಿಲೋಮೀಟರ್ ಒಳಗಿನ ಊರು. ಅರವತ್ತು ಮನೆ. ಮಲಂಗಸಾಬ ಎಂಬ ಮುದುಕ ಇರುವ ತನಕ ಒಂದು ಕಿರಾಣಿ ಅಂಗಡಿ ಇತ್ತು. ಆತ ತೀರಿಕೊಂಡ ಮೇಲೆ ಅದರ ಬಾಗಿಲು ತೆರೆಯಲಿಲ್ಲ. ಈಗ ಊರಲ್ಲಿ ಸಿಗುವುದೆಂದರೆ ಬೀಡಿ, ಕಡ್ಡಿಪೆಟ್ಟಿಗೆ, ಬಣ್ಣದ ಪೆಪ್ಪರಮಿಂಟು. ಉಳ್ಳಾಗಡ್ಡಿ ಬೇಕಾದರೂ ವಾರದ ಸಂತೆಯ ದಾರಿ ಕಾಯಬೇಕು. ಊರ ಅಂಚಿನ ರಸ್ತೆಯಲ್ಲಿ ಕೆಂಪು ಬಾಳೆಗೊನೆ ತುಂಬಿದ ಲಾರಿಗಳು ಹೈದರಾಬಾದಿನ ಕಡೆಗೆ ಹೋಗುತ್ತಿದ್ದವು. ಅಂಗನವಾಡಿಯ ಮಕ್ಕಳಿಗೆ ಬಾಳೆಹಣ್ಣಿನ ವಾಸನೆ ಗೊತ್ತಿತ್ತು, ರುಚಿ ಗೊತ್ತಿರಲಿಲ್ಲ.

ರೇಷನ್ ಅಂಗಡಿ ಕಮಲಾಪುರದಲ್ಲಿ. ಅದರ ಮಾಲೀಕ ದತ್ತಪ್ಪ ತಿಂಗಳಿಗೆ ಎರಡು ದಿನ ಬಾಗಿಲು ತೆರೆಯುತ್ತಿದ್ದ. ಯಾವ ಎರಡು ದಿನ ಎಂದು ಮೊದಲೇ ಹೇಳುತ್ತಿರಲಿಲ್ಲ. ಹೆಂಗಸರು ಕೂಲಿ ಬಿಟ್ಟು ನಡೆದು ಹೋಗಿ, ಮುಚ್ಚಿದ ಬಾಗಿಲು ನೋಡಿ ನಡೆದು ಬರುತ್ತಿದ್ದರು. ಬಾಗಿಲು ತೆರೆದಿದ್ದ ದಿನ ಈ ಹುಳದ ಗೋಧಿಯನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದರು. ಏಳು ಕಿಲೋಮೀಟರ್ ದಾರಿಯಲ್ಲಿ ನುಸಿ ಚೀಲದಿಂದ ಇಳಿದು ಕುತ್ತಿಗೆಯ ಮೇಲೆ ಹರಿಯುತ್ತಿತ್ತು.

ಲತೀಫಾ ಕಲಬುರಗಿಯ ಸ್ಟೇಶನ್ ಬಜಾರದ ಹಿಂದಿನ ಓಣಿಯವಳು. ಬಿ.ಎ. ಮುಗಿಸಿ, ಎರಡು ವರ್ಷದ ಕೆಳಗೆ, ತೊಂಬತ್ತೊಂದರಲ್ಲಿ, ನೀಲವಾಡಿಗೆ ಅಂಗನವಾಡಿ ಟೀಚರಾಗಿ ಬಂದಿದ್ದಳು. ಮಲ್ಕಮ್ಮ ಅಲ್ಲಿಯ ಆಯಾ. ಪ್ರತಿ ಸೋಮವಾರ ಲತೀಫಾ ಕಲಬುರಗಿಯ ಮನೆಯಿಂದ ಬರುವಾಗ ಅವಳ ಕೈಚೀಲದಲ್ಲಿ ಟೊಮ್ಯಾಟೊ, ಬದನೆಕಾಯಿ, ತೊಗರಿಬೇಳೆ ಇರುತ್ತಿದ್ದವು. ಬಸ್ಸಿಳಿದು ನಡೆದು ಬರುವ ದಾರಿಯುದ್ದಕ್ಕೂ ಊರಿನ ಕಣ್ಣು ಆ ಚೀಲದ ಮೇಲಿರುತ್ತಿತ್ತು. ಅವಳು ಅದರ ಮೇಲೊಂದು ರಜಿಸ್ಟರ್ ಇಟ್ಟು ಮುಚ್ಚುತ್ತಿದ್ದಳು. ಮುಚ್ಚಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು.

ರೇಷನ್ ಗೋಧಿಯ ಮೇಲಿನ ದೂರಿನ ಅರ್ಜಿಯನ್ನು ಅವಳು ಮೂರು ಸಲ ಬರೆದಿದ್ದಳು. ಮೊದಲ ಸಲ ‘ಹೊಲಸು’ ಎಂದು ಬರೆದು ಹೊಡೆದುಹಾಕಿದಳು. ಎರಡನೆಯ ಸಲ ‘ಕೆಟ್ಟ’ ಎಂದು ಬರೆದಳು. ಕೊನೆಗೆ ‘ಮನುಷ್ಯರು ತಿನ್ನಲು ಯೋಗ್ಯವಲ್ಲದ’ ಎಂಬಲ್ಲಿಗೆ ಬಂದು ನಿಂತಳು. ಕಲಬುರಗಿಯ ಆಹಾರ ಇಲಾಖೆಯ ಕಚೇರಿಗೆ ನಾಲ್ಕು ಸಲ ಅಲೆದ ಮೇಲೆ ಅಲ್ಲಿಯ ಗುಮಾಸ್ತ ದಾರಿ ತಿಳಿಸಿದ. ದತ್ತಪ್ಪ ಹಂಚಿದ ಗೋಧಿಯಲ್ಲಿ ಹತ್ತು ಕಿಲೋ ಸ್ಯಾಂಪಲ್ ತೆಗೆದಿಡಬೇಕು. ಇನ್‌ಸ್ಪೆಕ್ಟರ್ ಸಾಹೇಬರೇ ಬಂದು ಕಾರ್ಡುದಾರರ ಎದುರಿಗೆ ನೋಡಿ ಪಂಚನಾಮೆ ಬರೆಯುತ್ತಾರೆ. ಗೋಧಿ ಕೆಟ್ಟದ್ದೆಂದು ಬರೆದರೆ ನೀಲವಾಡಿಯ ಕಾರ್ಡುಗಳನ್ನು ದತ್ತಪ್ಪನಿಂದ ಬಿಡಿಸಿ, ಊರೊಳಗೇ ಮಹಿಳಾ ಮಂಡಳಕ್ಕೆ ಅಂಗಡಿ ಕೊಡುತ್ತಾರೆ. ಮಲಂಗಸಾಬನ ಮಗ ಖಾಲಿ ಅಂಗಡಿಯ ಬೀಗದ ಕೈಯನ್ನು ಆಗಲೇ ತಂದು ಕೊಟ್ಟಿದ್ದ. ಹೆಂಗಸರು ಗೋಡೆಗೆ ಸುಣ್ಣ ಬಳಿದಿದ್ದರು.

ಹನ್ನೊಂದು ಮನೆಯ ಚೀಲಗಳಿಂದ ಅಳೆದು ಹತ್ತು ಕಿಲೋ ಗೋಧಿಯನ್ನು ತಗಡಿನ ಡಬ್ಬಿಗೆ ತುಂಬಿದ್ದಾಯಿತು. ಮರುದಿನ ಲತೀಫಾಗೆ ಕಲಬುರಗಿಯಲ್ಲಿ ಮೀಟಿಂಗು. ಅದರ ಮರುದಿನ ಸಾಹೇಬರ ಜೀಪಿನಲ್ಲೇ ಕೂತು ಅವಳು ದಾರಿ ತೋರಿಸಬೇಕಿತ್ತು. ಡಬ್ಬಿಗೆ ಬೀಗ ಹಾಕಬೇಕೆಂದುಕೊಂಡಳು. ಮಲ್ಕಮ್ಮ ಪಕ್ಕದಲ್ಲೇ ನಿಂತಿದ್ದಳು. ಬೀಗ ಹಾಕಿದರೆ ಅವಳ ಮೋರೆ ಹೇಗಾದೀತೆಂದು ಯೋಚಿಸಿ ಕೈಬಿಟ್ಟಳು. ದತ್ತಪ್ಪನ ಕಡೆಯವರು ಬಂದರೆ ಡಬ್ಬಿ ಕೊಡಬೇಡ, ಬದಲಿ ಗೋಧಿ ಹಾಕಲು ಬಿಡಬೇಡ, ಇಲಿ ಬರದಂತೆ ನೋಡಿಕೋ ಎಂದು ಎರಡೆರಡು ಸಲ ಹೇಳಿದಳು. ತಪ್ಪುವ ದಾರಿಗಳನ್ನೆಲ್ಲ ಎಣಿಸಿ ಒಂದೊಂದಕ್ಕೂ ಮಾತು ಜೋಡಿಸಿದಳು. ಒಂದು ದಾರಿ ಮಾತ್ರ ಅವಳ ತಲೆಗೆ ಬರಲೇ ಇಲ್ಲ.

ಜೀಪಿನಲ್ಲಿ ಇನ್‌ಸ್ಪೆಕ್ಟರ್ ದಾರಿಯುದ್ದಕ್ಕೂ ಧೂಳನ್ನು ಬೈದ. ಬಿಳಿ ಅಂಗಿ, ಎದೆಯ ಜೇಬಿನಲ್ಲಿ ಎರಡು ಪೆನ್ನು. ಕಮಲಾಪುರ ದಾಟುವಾಗ ದತ್ತಪ್ಪನ ಲೂನಾ ಹಿಂದೆ ಬಿತ್ತು. ಅದರ ಹ್ಯಾಂಡಲ್ಲಿಗೆ ಕೆಂಪು ಬಾಳೆಯ ದೊಡ್ಡದೊಂದು ಚಿಪ್ಪು ತೂಗುತ್ತಿತ್ತು.

ಅಂಗನವಾಡಿಯ ಅಂಗಳ ಸಾರಿಸಿತ್ತು. ರಂಗೋಲಿ ಹಾಕಿತ್ತು. ಒಗೆದ ಬಿಳಿ ಧೋತರ ಹಾಸಿ, ಅದರ ಮೇಲೆ ಹಿತ್ತಾಳೆಯ ಪರಾತದಲ್ಲಿ ಗೋಧಿಯನ್ನು ಗುಡ್ಡೆ ಮಾಡಿ ಇಟ್ಟಿದ್ದರು. ಬಿಸಿಲಿಗೆ ಅದು ಬಂಗಾರದ ಹಾಗೆ ಹೊಳೆಯುತ್ತಿತ್ತು. ಒಂದು ಕಲ್ಲಿಲ್ಲ, ಒಂದು ನುಸಿಯಿಲ್ಲ, ಮುರುಕು ಕಾಳು ಸಹ ಇಲ್ಲ. ಸುತ್ತ ಇಪ್ಪತ್ತು ಹೆಂಗಸರು ತಲೆ ತುಂಬ ಸೆರಗು ಹೊದ್ದು ಕೂತಿದ್ದರು. ಎಲ್ಲರ ಬೆರಳ ತುದಿಗಳು ಬೂದು ಬಣ್ಣಕ್ಕೆ ತಿರುಗಿದ್ದವು.

ಲತೀಫಾಗೆ ಮೊದಲು ಕಂಡದ್ದು ಆ ಬೆರಳುಗಳು. ಆಮೇಲೆ ಗೋಧಿ.

ಇನ್‌ಸ್ಪೆಕ್ಟರ್ ಒಂದು ಬೊಗಸೆ ಎತ್ತಿ ಮೂಸಿದ. ಬೆರಳ ಸಂದಿಯಿಂದ ಮೆಲ್ಲಗೆ ಸುರಿದ. ದತ್ತಪ್ಪನೂ ಬಗ್ಗಿ ನೋಡಿದ. ಅವನ ಮುಖದಲ್ಲಿ ಒಂದು ಗಳಿಗೆ ನಿಜವಾದ ಬೆರಗು ಇತ್ತು. ಇದು ತನ್ನ ಅಂಗಡಿಯದೇ ಎಂದು ಅವನಿಗೇ ನಂಬಿಕೆ ಬಂದಂತಿರಲಿಲ್ಲ. ಆಮೇಲೆ ಅವನು ನಕ್ಕ.

“ನಮ್ಮ ಗೋಧಿ ಇಂಥಾದ್ದೇ ಇರ್ತದ ನೋಡ್ರಿ ಸಾಹೇಬ್ರ,” ಎಂದ. “ಟೀಚರಬಾಯಿಗೆ ಶಹರದ ಕಣ್ಣು. ಹಳ್ಳಿ ಕಾಳು ಹಿಡಸಂಗಿಲ್ಲ.”

ಲತೀಫಾ ಮಲ್ಕಮ್ಮನನ್ನು ಪಕ್ಕಕ್ಕೆ ಕರೆದು, ಇದೇನು ಮಾಡಿದಿರಿ ಎಂದು ಕೇಳಿದಳು. ಮಲ್ಕಮ್ಮ ಹೆಮ್ಮೆಯಿಂದಲೇ ಹೇಳಿದಳು. ನಿನ್ನೆ ಮುಂಜಾನೆಯಿಂದ ಹೊತ್ತು ಮುಳುಗುವ ತನಕ ಇಪ್ಪತ್ತೂ ಮಂದಿ ಕೂತು ಸಾಣಿಸಿದ್ದರು, ಮೊರದಲ್ಲಿ ಕೇರಿದ್ದರು, ಒಂದೊಂದೇ ಕಾಳು ಆರಿಸಿದ್ದರು, ಬಿಸಿಲಿಗೆ ಹರವಿದ್ದರು. ಹತ್ತು ಕಿಲೋದಲ್ಲಿ ನಾಲ್ಕು ಕಿಲೋ ಕಸವೇ ಹೋಯಿತಂತೆ. ಕಡಿಮೆ ಬಿದ್ದದ್ದನ್ನು ಮನೆಮನೆಯಿಂದ ತಂದು, ಅದನ್ನೂ ಹಸನ ಮಾಡಿ ತುಂಬಿದ್ದರು.

“ಯಾಕ, ಆಯಿ?”

“ಯಾಕ ಅಂದ್ರ? ಪರಊರ ಮನಷ್ಯಾ ಬಂದು ಕಾಳಿನಾಗ ಕೈ ಹಾಕ್ತಾನ. ಭಿಕ್ಷಾ ನೀಡಬೇಕಾದ್ರೂ ನಾವು ಹಸನ ಮಾಡೇ ನೀಡ್ತೀವಿ. ನೀಲವಾಡಿ ಹೆಣ್ಮಕ್ಕಳಿಗೆ ಕಾಳು ಹಸನ ಮಾಡಾಕ ಬರಂಗಿಲ್ಲ ಅಂತ ನಾಳಿ ಕಲಬುರ್ಗಿತನಾ ಸುದ್ದಿ ಆಗಬೇಕೇನು?”

ಸಾಹೇಬರು ತೂಕ ನೋಡಲು ಬರುತ್ತಾರೆಂದು ಅವರು ತಿಳಿದಿದ್ದರು. ಗೋಧಿ ಹೊಲಸೆಂಬುದು ಸಾಹೇಬರಿಗೆ ಗೊತ್ತಿಲ್ಲದ ಸಂಗತಿ ಎಂದು ಅವರಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ರೇಷನ್ ಗೋಧಿ ಹೊಲಸಿರುತ್ತದೆ ಎಂದು ಯಾರಿಗೆ ತಾನೇ ಗೊತ್ತಿಲ್ಲ?

ಕಸ ಎಲ್ಲಿ ಹಾಕಿದಿರಿ ಎಂದು ಕೇಳಿ ಲತೀಫಾ ಹಿಂದಿನ ತಿಪ್ಪೆಗೆ ಓಡಿದಳು. ಕೋಳಿಗಳು ಬಹುಪಾಲು ಮುಗಿಸಿದ್ದವು. ಸಗಣಿಯ ಅಂಚಿನಲ್ಲಿ ಬಲೆಯ ಗಂಟುಗಳು, ಹಿಕ್ಕೆಗಳು, ಇಲಿಮರಿಯದೊಂದು ಒಣಗಿದ ಬಾಲ ಉಳಿದಿದ್ದವು. ಬರಿಗೈಯಿಂದಲೇ ಬಾಚಿ, ಸೆರಗಿನಲ್ಲಿ ಹಾಕಿಕೊಂಡು ಬಂದು ಇನ್‌ಸ್ಪೆಕ್ಟರನ ಮುಂದೆ ಬಿಚ್ಚಿದಳು. ಇದು ನಿನ್ನೆ ಈ ಗೋಧಿಯಲ್ಲಿತ್ತು, ಹೆಂಗಸರನ್ನೇ ಕೇಳಿ ಎಂದಳು. ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ.

“ತಿಪ್ಪೆ ಮೇಲಿನ ಸ್ಯಾಂಪಲ್ ತಗೊಳ್ಳೋಕೆ ರೂಲಿಲ್ಲಮ್ಮ. ಮೊದಲು ಕೈ ತೊಳ್ಕೊಂಡು ಬನ್ನಿ.”

ಅವಳು ಕೈ ತೊಳೆದು ಬರುವಷ್ಟರಲ್ಲಿ ಅವನ ಮುಂದೆ ತಾಟು ಬಂದಿತ್ತು. ಅದೇ ಗೋಧಿಯನ್ನು ಕುಟ್ಟಿ, ಬೆಲ್ಲ ಹಾಕಿ ಮಾಡಿದ ಹುಗ್ಗಿ. ಮೇಲೆ ತುಪ್ಪ. ಊರಿನಲ್ಲಿದ್ದ ತುಪ್ಪವೆಲ್ಲ ಆ ಒಂದು ತಾಟಿನಲ್ಲಿತ್ತೋ ಏನೋ. ಅವನು ಬೆರಳು ನೆಕ್ಕುತ್ತ ಉಂಡ. ಇಂಥ ಗೋಧಿ ನಮ್ಮ ಮನೆಗೂ ಸಿಗುವುದಿಲ್ಲ ಎಂದ. ಹೆಂಗಸರು ಸೆರಗಿನೊಳಗೆ ನಕ್ಕರು. ಲತೀಫಾಗೂ ಒಂದು ತಾಟು ಕೊಟ್ಟರು. ಅವಳು ಬೇಡವೆಂದಳು.

“ಟೀಚರಬಾಯಿ ಹುಗ್ಗಿ ಉಣ್ಣಂಗಿಲ್ಲ, ಅರ್ಜಿ ಉಣ್ತಾರ,” ಎಂದ ದತ್ತಪ್ಪ. ಇನ್‌ಸ್ಪೆಕ್ಟರ್ ಬಾಯಿ ತುಂಬ ನಕ್ಕ. ಒಂದು ಅಗುಳು ಅವನ ಬಿಳಿ ಅಂಗಿಯ ಮೇಲೆ ಬಿತ್ತು. ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡ.

ಉಂಡಾದ ಮೇಲೆ ಬಾಳೆಹಣ್ಣು. ಎರಡು ತಿಂದ. ಉಳಿದದ್ದು ಜೀಪಿಗೆ ಹೋಯಿತು. ಬಾಗಿಲಲ್ಲಿ ನಿಂತ ಮಕ್ಕಳು ಚಿಪ್ಪು ಹೋದ ಕಡೆಗೆ ಒಟ್ಟಿಗೆ ಕತ್ತು ಹೊರಳಿಸಿದರು.

ಪಂಚನಾಮೆಯನ್ನು ಅವನು ಗಟ್ಟಿಯಾಗಿ ಓದಿದ. ಗೋಧಿ ಉತ್ತಮ ದರ್ಜೆಯದಾಗಿದ್ದು, ದೂರಿನಲ್ಲಿ ಹುರುಳಿಲ್ಲವೆಂದು ಕಂಡುಬಂದಿದೆ. ಉತ್ತಮ ಎಂಬ ಮಾತು ಕೇಳಿದ್ದೇ ಹೆಂಗಸರ ಮುಖ ಅರಳಿತು. ಅದು ತಮ್ಮ ಕೈಗೆ ಸಂದ ಮಾತೆಂದು ಒಬ್ಬೊಬ್ಬರೇ ಬಂದು ಹೆಬ್ಬೆಟ್ಟು ಒತ್ತಿದರು. ಒತ್ತಬೇಡಿ ಎನ್ನಲು ಲತೀಫಾ ಬಾಯಿ ತೆರೆದಳು. ಇಪ್ಪತ್ತು ಜನರೆದುರು ಅವರ ಒಂದು ದಿನದ ಕೆಲಸವನ್ನು ತಪ್ಪು ಎಂದು ಹೇಳಲು ಮಾತು ಹುಡುಕಿದಳು. ಅವಳು ಹುಡುಕುತ್ತಿರುವಾಗಲೇ ಶಾಯಿಪ್ಯಾಡು ಮುಂದೆ ಮುಂದೆ ಹೋಯಿತು. ಕೊನೆಗೆ ಕಾಗದ ಅವಳ ಹತ್ತಿರ ಬಂತು.

“ಇದರ ಕೆಳಗೆ, ಹೆಂಗಸರು ಹಸನ ಮಾಡಿದ ನಂತರ ಅಂತ ಒಂದು ಸಾಲು ಬರೀತೀನಿ,” ಎಂದಳು.

“ಬರೆಯೋ ಕೆಲಸ ನನ್ನದು. ನೀವು ಸಹಿ ಮಾಡಿ.”

“ಮಾಡೋದಿಲ್ಲ.”

“ಬೇಡ ಬಿಡಿ.” ಅವನು ಕಾಗದವನ್ನು ಮಡಚಿದ. “ಹೆಬ್ಬೆಟ್ಟು ಇಪ್ಪತ್ತಿವೆ. ಸಾಕು.”

ಜೀಪು ಹೋಯಿತು, ಲೂನಾ ಹೋಯಿತು. ಮಲ್ಕಮ್ಮ ಪರಾತ ತೊಳೆಯುತ್ತ, ಅಂಗಡಿ ಯಾವಾಗ ಬರುತ್ತದೆ, ಸುಣ್ಣ ಇನ್ನೊಂದು ಕೈ ಬಳಿಯಬೇಕೇ ಎಂದು ಕೇಳಿದಳು. ಲತೀಫಾ ಈ ಸಲ ಮಾತು ಆರಿಸಲು ಹೋಗಲಿಲ್ಲ. ಅಂಗಡಿ ಬರುವುದಿಲ್ಲ ಎಂದಳು. ಹುಳ ಕಂಡಿದ್ದರೆ ಬರುತ್ತಿತ್ತು, ಗೋಧಿ ಛಲೋ ಅದ ಎಂದು ನೀವೇ ಹೆಬ್ಬೆಟ್ಟು ಒತ್ತಿದಿರಿ ಎಂದಳು.

ಮಲ್ಕಮ್ಮನ ಕೈ ಪರಾತದ ಮೇಲೆ ನಿಂತಿತು. ಶಾಯಿ ಹತ್ತಿದ ಹೆಬ್ಬೆಟ್ಟನ್ನು ತಿರುಗಿಸಿ ನೋಡಿಕೊಂಡಳು.

“ಹಂಗಾರ ಆ ಹೊಲಸು ಹಂಗೇ ಇಡಬೇಕಿತ್ತೇನ್ರಿ ಅಂವನ ಮುಂದ?”

“ಹೂಂ, ಆಯಿ.”

“ಅದನ್ನ ನಾವು ತಿಂತೀವಿ ಅಂತ ತೋರಿಸಬೇಕಿತ್ತಾ?”

ಲತೀಫಾ ತನ್ನ ಕೈ ಮೂಸಿಕೊಂಡಳು. ಉಗುರಿನ ಸಂದಿಯಲ್ಲಿ ತಿಪ್ಪೆಯ ವಾಸನೆ ಇನ್ನೂ ಇತ್ತು. ಮಲ್ಕಮ್ಮ ಬಹಳ ಹೊತ್ತು ಬೂದಿ ಹಚ್ಚಿ ಹೆಬ್ಬೆರಳು ತಿಕ್ಕಿದಳು. ಶಾಯಿ ಬಿಡಲಿಲ್ಲ. ಆಮೇಲೆ, ಬರುವ ತಿಂಗಳು ದತ್ತಪ್ಪ ಯಾವತ್ತು ಬಾಗಿಲು ತೆರೆಯುತ್ತಾನಂತೆ ಎಂದು ಕೇಳಿದಳು.

“ಹೇಳಿಲ್ಲ,” ಎಂದಳು ಲತೀಫಾ.