ರೇಡಿಯೋ ಅಂಗಡಿಯ ಸ್ಕೋರ್ ಹಲಗೆ

ನಾನು ಒಂದು ಕರಿಹಲಗೆ. ಶಾಲೆಯ ಗೋಡೆ ಸೇರಲೆಂದೇ ನನ್ನನ್ನು ಮಾಡಿದ್ದರು. ಆ ಯೋಗ ಬರಲಿಲ್ಲ. ಹುಬ್ಬಳ್ಳಿಯಲ್ಲಿ ಕಾಳಪ್ಪ ಬಡಿಗೇರ ಎಂಬಾತ ಮತ್ತಿ ಮರದ ಮೂರು ಹಲಗೆ ಜೋಡಿಸಿ, ಹಿಂದೆ ಎರಡು ಪಟ್ಟಿ ಹೊಡೆದು ನನ್ನನ್ನು ನಿಲ್ಲಿಸಿದ. ಅವನ ಹೆಂಡತಿ ಇದ್ದಿಲ ಪುಡಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ನನ್ನ ಮುಖಕ್ಕೆಲ್ಲ ತಿಕ್ಕಿದಳು. ಬಿಸಿಲಿಗೆ ಒಣಗಿದಾಗ ನಾನು ಕಾಗೆಗಿಂತ ಕಪ್ಪಾಗಿದ್ದೆ. ಆದರೆ ನನ್ನ ಒಂದು ಮೂಲೆಯಲ್ಲಿ ಗಂಟು ಎದ್ದಿತ್ತು. ಕೊಳ್ಳಲು ಬಂದ ಮಾಸ್ತರರು ಅದರ ಮೇಲೆ ಸೀಮೆಸುಣ್ಣ ಎಳೆದು ನೋಡಿ, "ಇಲ್ಲೆ ಖಡು ಹತ್ತೂದಿಲ್ಲ" ಎಂದು ನನ್ನ ಪಕ್ಕದ ಹಲಗೆಯನ್ನು ಹೊರಿಸಿಕೊಂಡು ಹೋದರು.

ನನ್ನನ್ನು ಕೊಂಡವಳು ಖಾನಾವಳಿಯ ಗಂಗವ್ವ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಬೆಳಿಗ್ಗೆ ಮೊದಲು ಊಟಕ್ಕೆ ಬಂದವರ ಕೈಗೆ ಖಡು ಕೊಟ್ಟು, ಆ ದಿನದ ಪಲ್ಯೆ ಯಾವುದೆಂದು ಬರೆಸುತ್ತಿದ್ದಳು. ಎಣ್ಣೆಗಾಯಿ, ಝುಣಕ, ಮಡಿಕೆಕಾಳು. ಒಬ್ಬೊಬ್ಬರದು ಒಂದೊಂದು ಕೈ. ರೊಟ್ಟಿ ಬಡಿಯುವ ಸದ್ದಿನಲ್ಲಿ, ಹಿಟ್ಟಿನ ಧೂಳಿನಲ್ಲಿ ನನ್ನ ಎಳೆಯ ವಯಸ್ಸು ಕಳೆಯಿತು. ಮುಂದೆ ಅವಳು ಬಸ್‌ಸ್ಟ್ಯಾಂಡಿನ ಕಡೆ ದೊಡ್ಡ ಜಾಗ ಹಿಡಿದು, ಬಣ್ಣ ಬರೆಸಿದ ತಗಡಿನ ಫಲಕ ಹಾಕಿಸಿದಾಗ ನನ್ನನ್ನು ಎದುರಿನ ರೇಡಿಯೋ ಅಂಗಡಿಗೆ ಕೊಟ್ಟಳು.

ಆ ಅಂಗಡಿ ತುಳಜಾಸಾ ಮೆಹರವಾಡೆಯವರದು. ತೆಳ್ಳಗಿನ ಮನುಷ್ಯ, ದಪ್ಪ ಕನ್ನಡಕ, ಅಂಗಿಯ ಜೇಬಿನಲ್ಲಿ ಸದಾ ಒಂದು ಸಣ್ಣ ಸ್ಕ್ರೂಡ್ರೈವರ್. ಟೀವಿ ಇನ್ನೂ ಊರಿಗೆ ಕಾಲಿಟ್ಟಿರದ ಕಾಲ. ಟೆಸ್ಟ್ ಮ್ಯಾಚ್ ಶುರುವಾದರೆ ಅವರ ಬಾಗಿಲಲ್ಲಿ ಹಾದು ಹೋಗುವವರೆಲ್ಲ ಒಳಗೆ ತಲೆ ಹಾಕಿ, "ಸ್ಕೋರ್ ಎಷ್ಟಾತ್ರಿ?" ಎಂದು ಕೇಳುವವರೇ. ಕೇಳಿದವರಿಗೆಲ್ಲ ಹೇಳುತ್ತ ಕುಳಿತರೆ ಸೋಲ್ಡರಿಂಗ್ ಕೆಲಸ ಆಗುವುದೆಂತು? ಹಾಗಾಗಿ ಅವರು ನನ್ನನ್ನು ಬಾಗಿಲ ಪಕ್ಕದ ಕಂಬಕ್ಕೆ ಒರಗಿಸಿ ಸ್ಕೋರು ಬರೆಯತೊಡಗಿದರು.

ಅಲ್ಲಿಂದ ನನ್ನ ಬಾಳು ಬದಲಾಯಿತು. ಪಲ್ಯೆಯ ಹೆಸರು ಓದಿ ಯಾರೂ ಕಣ್ಣೊರೆಸಿಕೊಂಡಿರಲಿಲ್ಲ. ಈಗ ನಾಲ್ಕು ಅಂಕಿ ಬರೆದರೆ ಸಾಕು, ದೊಡ್ಡ ದೊಡ್ಡ ಗಂಡಸರು ನನ್ನೆದುರು ತಲೆ ಮೇಲೆ ಕೈ ಹೊತ್ತು ನಿಲ್ಲುತ್ತಿದ್ದರು. ಕಾಮೆಂಟರಿ ಇಂಗ್ಲಿಷಿನಲ್ಲಿ, ಇಲ್ಲವೆ ಹಿಂದಿಯಲ್ಲಿ. ಅದನ್ನು ಕೇಳಿ ತುಳಜಾಸಾ ಖಡು ಹಿಡಿದು ಬರೆದರೇನೇ ಓಣಿಗೆ ನಂಬಿಕೆ.

ಪಕ್ಕದ ಅಂಗಡಿ ಇಮಾಮಸಾಬ ನದಾಫರದು. ಹತ್ತಿ ಹಿಂಜಿ ಗಾದಿ ಹೊಲಿಯುವವರು. ಗಡ್ಡದಲ್ಲಿ ಯಾವಾಗಲೂ ಅರಳೆಯ ಎಳೆ. ಇಬ್ಬರೂ ಹುಡುಗರಾಗಿದ್ದಾಗ ಒಂದೇ ಬ್ಯಾಟಿನಲ್ಲಿ ಆಡಿದವರು. ಆಮೇಲೆ ಒಂದು ದಿನವೂ ಒಂದೇ ಅಭಿಪ್ರಾಯಕ್ಕೆ ಬಂದವರಲ್ಲ. ಒಬ್ಬರು ಸ್ಪಿನ್ ಎಂದರೆ ಇನ್ನೊಬ್ಬರು ಫಾಸ್ಟ್ ಅನ್ನಬೇಕು. ಸಂಜೆ ಆಟ ಮುಗಿದ ಮೇಲೆ ನನ್ನ ಮುಂದಿನ ಕಟ್ಟೆಯ ಮೇಲೆ ಇವರ ಜಗಳ ಶುರು. ಅದನ್ನು ಕೇಳಲಿಕ್ಕೇ ಒಂದಿಷ್ಟು ಜನ ಬರುತ್ತಿದ್ದರು. ರೈಲ್ವೆ ಆಸ್ಪತ್ರೆಯ ಸಿಸ್ಟರ್ ಎಸ್ತರ್ ಅವರೂ ಡ್ಯೂಟಿ ಮುಗಿಸಿ ಹೋಗುವಾಗ ಛತ್ರಿ ಊರಿ ನಿಂತು, "ಇಬ್ಬರದೂ ತಪ್ಪು" ಎಂದು ತಮ್ಮದೊಂದು ಮೂರನೆಯ ಮಾತು ಹೇಳಿ ಹೋಗುತ್ತಿದ್ದರು.

ಒಂದು ವರ್ಷ ವೆಸ್ಟ್ ಇಂಡೀಸ್ ತಂಡ ಬಂದಿತ್ತು. ಐದು ಟೆಸ್ಟುಗಳ ಸರಣಿ. ಅವರ ವೇಗದ ಬೌಲರುಗಳ ಹೆಸರು ಬರೆಯುವಾಗಲೇ ತುಳಜಾಸಾರ ಕೈಯಲ್ಲಿ ಖಡು ಮುರಿಯುತ್ತಿತ್ತು. ಮೊದಲ ಟೆಸ್ಟ್ ಸೋತೆವು. ಎರಡನೆಯದು ಹಲ್ಲು ಕಚ್ಚಿ ಡ್ರಾ ಮಾಡಿಕೊಂಡೆವು. ಮೂರನೆಯದರಲ್ಲಿ ನಮ್ಮ ಹಿರಿಯ ಬ್ಯಾಟ್ಸ್‌ಮನ್ ಒಬ್ಬ ಬೇರೂರಿ ನಿಂತಿದ್ದ. ಸರಣಿ ಉಳಿಯಬೇಕಾದರೆ ಅವನು ನಿಲ್ಲಲೇಬೇಕು. ಓಣಿಯ ತುಂಬ ಜನ.

ತುಳಜಾಸಾ ಒಳಗಿನಿಂದ ಬಂದು ಅವನ ಹೆಸರಿನ ಮುಂದೆ 'ಔಟ್' ಎಂದು ಬರೆದರು.

ಜನ ಒಮ್ಮೆಲೇ ನಿಟ್ಟುಸಿರಿಟ್ಟರು. ಕೆಲವರು ಸೈಕಲ್ ಹತ್ತಿ ಹೊರಟೇಬಿಟ್ಟರು. ಸ್ವಲ್ಪ ಹೊತ್ತಿಗೆ ಓಣಿಯ ತುದಿಯ ಹೋಟೆಲಿನಲ್ಲಿ ರೇಡಿಯೋ ಕೇಳಿ ಬಂದವನೊಬ್ಬ ನನ್ನನ್ನು ನೋಡಿ ನಕ್ಕ. "ಯಾರ ಬರದಾರಿದು? ಅಂವಾ ಇನ್ನೂ ಆಡಾಕತ್ತಾನ. ಸೆಂಚುರಿ ಆತು." ಗುಂಪಿನಿಂದ ಇನ್ನೊಂದು ದನಿ ಬಂತು: "ರೇಡಿಯೋ ರಿಪೇರಿ ಮಾಡಾವರ ಕಿವೀನ ರಿಪೇರಿಗೆ ಬಂದಾವು." ಎಲ್ಲರೂ ನಕ್ಕರು.

ತುಳಜಾಸಾ ನಗಲಿಲ್ಲ. ಅವರಿಗೆ ಆ ಮಾತು ಕೇಳಿಸಿರಲೂ ಇಲ್ಲ. ನಗುವ ಮುಖಗಳನ್ನಷ್ಟೇ ನೋಡಿದರು. ಇಮಾಮಸಾಬರು ಮಾತ್ರ ಹಿಂಜುವ ಬಿಲ್ಲು ಕೆಳಗಿಟ್ಟು ಗೆಳೆಯನನ್ನೇ ದಿಟ್ಟಿಸುತ್ತಿದ್ದರು.

ಅವರ ಕಿವಿ ಮಂದವಾಗುತ್ತಿರುವುದು ನನಗೆ ಮೊದಲೇ ಗೊತ್ತಿತ್ತು. ರೇಡಿಯೋದ ಗುಂಡಿ ದಿನದಿನಕ್ಕೆ ಹೆಚ್ಚು ತಿರುಗುತ್ತಿತ್ತು. ಯಾರಾದರೂ "ಯಾಕ್ರಿ ಇಷ್ಟ ಜೋರು?" ಎಂದರೆ, ತುಟಿ ನೋಡಿ ಅರ್ಥ ಮಾಡಿಕೊಂಡು, "ವಾಲ್ವ್ ಹಳೇದಾಗೇತಿ" ಎನ್ನುತ್ತಿದ್ದರು. ಒಬ್ಬರೇ ಇದ್ದಾಗ ಸ್ಪೀಕರಿನ ಬಟ್ಟೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ಕೂರುತ್ತಿದ್ದರು. ಆ ನಡುಕದಲ್ಲೇ ಏನಾದರೂ ಸಿಕ್ಕೀತೆಂದು. ಆ ದಿನವೂ ಹಾಗೆಯೇ ಆಗಿತ್ತು. ಕಾಮೆಂಟರಿಯವನು 'ನಾಟ್ ಔಟ್' ಎಂದಿದ್ದ. ಇವರಿಗೆ ಕೇಳಿಸಿದ್ದು ಕೊನೆಯ ಒಂದು ಶಬ್ದ.

ಅವರು ಒದ್ದೆ ಅರಿವೆಯಿಂದ ನನ್ನನ್ನು ನಿಧಾನಕ್ಕೆ ಒರೆಸಿ ಒಳಗೆ ಒಯ್ದು, ಗೋಡೆಗೆ ಮುಖ ಮಾಡಿ ನಿಲ್ಲಿಸಿದರು.

ಆ ಟೆಸ್ಟನ್ನು ನಾವು ಗೆದ್ದೆವು. ಅದು ನನ್ನ ಮೈಮೇಲೆ ಬರೆಯದೆ ಹೋದ ಗೆಲುವು. ಓಣಿಯಲ್ಲಿ ಪಟಾಕಿ ಹಾರಿದವು. ಕಪಾಟಿನ ಗಾಜು ಅಲುಗಿತು. ತುಳಜಾಸಾ ಕುರ್ಚಿಯಿಂದ ಎದ್ದು ಬಾಗಿಲಿಗೆ ಬಂದು, ಓಡುತ್ತಿದ್ದ ಜನರನ್ನು ನೋಡಿದರು. ಯಾರನ್ನೂ ಕೇಳಲಿಲ್ಲ. ಮರುದಿನ ಪೇಪರಿನಲ್ಲಿ ಓದಿ ತಿಳಿದುಕೊಂಡರು. ಓದಿ ಮಡಚಿ ಇಟ್ಟರು. ಅವರ ಬೆನ್ನು ಅಷ್ಟು ಬಾಗಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಸಂಜೆ ಇಮಾಮಸಾಬರು ಬಂದು ಕಟ್ಟೆಯ ಮೇಲೆ ಕೂತರೆ, ತುಳಜಾಸಾ ಕೆಲಸ ಇದೆ ಎಂಬಂತೆ ಒಳಗೆ ಹೋಗುತ್ತಿದ್ದರು. ಹೀಗೇ ನಾಲ್ಕನೆಯ ಟೆಸ್ಟ್ ಬಂತು.

ಆ ದಿನ ಟಾಸ್ ಆಗಿ ಸ್ವಲ್ಪ ಹೊತ್ತಾಗಿತ್ತು. ಇಮಾಮಸಾಬರು ನೇರ ಒಳಗೆ ಬಂದು, ನನ್ನನ್ನು ಎತ್ತಿ ಹೊರಗೆ ಒಯ್ದು ಕಂಬಕ್ಕೆ ಒರಗಿಸಿದರು. ತುಳಜಾಸಾ ಹಿಂದೆಯೇ ಬಂದರು. "ಇಡು ಅದನ್ನ ಒಳಗ. ನನಗ ಯಾರ ಕರುಣಾನೂ ಬ್ಯಾಡ" ಎಂದರು. ಕಿವಿ ಕೇಳದವರ ದನಿ ಎಷ್ಟು ಎತ್ತರಕ್ಕೆ ಹೋಗುತ್ತದೆಂದು ಅವರಿಗೇ ತಿಳಿಯದು. ಓಣಿಯೆಲ್ಲ ತಿರುಗಿ ನೋಡಿತು.

ಇಮಾಮಸಾಬರು ಖಡು ತೆಗೆದುಕೊಂಡು, ಗಾದಿಯ ಮೇಲೆ ಸೂಜಿ ಹಾಕುವಷ್ಟೇ ನಿಧಾನವಾಗಿ ನನ್ನ ಮೇಲೆ ಬರೆದರು: 'ನಮ್ಮ ಕ್ಯಾಪಟನ ಟಾಸ ಗೆದ್ದ ಬೌಲಿಂಗ ತಗೊಂಡಾನ. ಬರೊಬ್ಬರಿ ಮಾಡ್ಯಾನ.'

ತುಳಜಾಸಾ ಓದಿದರು. ಮತ್ತೊಮ್ಮೆ ಓದಿದರು. "ಬರೊಬ್ಬರಿ? ಆ ಪಿಚ್ಚಿನ ಮ್ಯಾಲೆ ಬೌಲಿಂಗ?" ಎಂದವರೇ ಗೆಳೆಯನ ಕೈಯಿಂದ ಖಡು ಕಸಿದುಕೊಂಡರು. ಮೊದಲು 'ಕ್ಯಾಪಟನ' ಎಂಬುದನ್ನು ತಿದ್ದಿದರು. ಆಮೇಲೆ ಕೆಳಗೆ ದೊಡ್ಡದಾಗಿ 'ತಪ್ಪು' ಎಂದು ಬರೆದು ಅಡಿಗೆರೆ ಎಳೆದರು. ಪಿಚ್ಚು ಒಣಗಿದೆ, ನಾಲ್ಕನೆಯ ದಿನ ಚೆಂಡು ತಿರುಗುತ್ತದೆ, ಕಡೆಯಲ್ಲಿ ಬ್ಯಾಟ್ ಮಾಡುವವರು ನಾವು ಎಂದು ಒಂದೊಂದಾಗಿ ಬರೆಯುತ್ತ ಹೋದರು. ಜಾಗ ಸಾಲದೆ ಅಕ್ಷರಗಳು ನನ್ನ ಅಂಚಿಗೆ ಹತ್ತಿದವು.

ಇಮಾಮಸಾಬರು ಒಂದು ಮೂಲೆ ಒರೆಸಿ ಇಷ್ಟೇ ಬರೆದರು: 'ಯಾವಾಗಿಂದ?'

ತುಳಜಾಸಾರ ಕೈ ನಿಂತಿತು. "ಎರಡ ದೀಪಾವಳಿ ಆತು" ಎಂದರು. "ನರ ಒಣಗ್ಯಾವಂತ. ಔಷಧ ಇಲ್ಲ ಅಂದಾರ ಡಾಕ್ಟರು."

'ನನಗ ಯಾಕ ಹೇಳಲಿಲ್ಲ?'

ತುಳಜಾಸಾ ಕೈಯ ಧೂಳು ಒರೆಸಿಕೊಳ್ಳುತ್ತ ಹೇಳಿದರು. "ಹೇಳಿದ್ರ ನೀ ನನ್ನ ಕೂಡ ಜಗಳಾ ಆಡೂದು ಬಿಡ್ತಿದ್ದಿ. ಎಲ್ಲಾದಕ್ಕೂ ಹೂಂ ಅಂತಿದ್ದಿ. ಅದ ನನಗ ಬ್ಯಾಡಾಗಿತ್ತು."

ಇಮಾಮಸಾಬರು ಮುಖ ಆ ಕಡೆ ತಿರುಗಿಸಿ ಗಡ್ಡದ ಅರಳೆ ತೆಗೆದರು. ಮತ್ತೆ ಖಡು ಹಿಡಿದು ಬರೆದರು: 'ನಾಳೆ ನೀನ ತಪ್ಪು ಅಂತ ಗೊತ್ತಾಕ್ಕೈತಿ.'

ಅಂದಿನಿಂದ ನಾನು ಬರಿಯ ಸ್ಕೋರ್ ಹಲಗೆಯಾಗಿ ಉಳಿಯಲಿಲ್ಲ. ನನ್ನ ಬಲಭಾಗದಲ್ಲಿ ಸ್ಕೋರು, ಎಡಭಾಗದಲ್ಲಿ ವಾದ. ರೇಡಿಯೋ ಬಾಗಿಲಲ್ಲಿ ಕೂಗುತ್ತಿತ್ತು. ಗುಂಪಿನ ಮುಂದೆ ಇಮಾಮಸಾಬರು ಅಂಪೈರನ ಹಾಗೆ ನಿಂತು ಸನ್ನೆ ಮಾಡುತ್ತಿದ್ದರು. ಒಂದು ರನ್ನಿಗೆ ತೊಡೆಯ ಮೇಲೆ ಒಂದು ತಟ್ಟು. ಬೌಂಡರಿಗೆ ಕೈ ಬೀಸುವುದು. ಔಟಾದರೆ ಬೆರಳು ಮೇಲೆ. ಮೊದಲು ಅವರೊಬ್ಬರೇ ಮಾಡುತ್ತಿದ್ದರು. ನೋಡನೋಡುತ್ತ ಓಣಿಗೆ ಓಣಿಯೇ ಕಲಿಯಿತು. ಲೆಗ್ ಬೈ ಬಂದರೆ ಧೋತರ ಉಟ್ಟ ಹಿರಿಯರೂ ಮೊಣಕಾಲು ಎತ್ತಿ ತಟ್ಟುತ್ತಿದ್ದರು. ಸಿಕ್ಸರಿಗೆ ಸಿಸ್ಟರ್ ಎಸ್ತರ್ ಛತ್ರಿ ಮೇಲೆತ್ತುತ್ತಿದ್ದರು. ಕಿವಿ ರಿಪೇರಿಯ ಮಾತಾಡಿದವನೂ ಅಲ್ಲಿದ್ದ. ಅವನ ಕೈ ಎಲ್ಲರಿಗಿಂತ ಜೋರಾಗಿ ಆಡುತ್ತಿತ್ತು. ತುಳಜಾಸಾರಿಗೆ ಕೇಳುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಬರಲಿಲ್ಲ.

ಆ ಟೆಸ್ಟ್ ಡ್ರಾ ಆಯಿತು. ಟಾಸಿನ ವಿಷಯದಲ್ಲಿ ಯಾರದು ಸರಿ ಎಂಬುದು ಕೊನೆಗೂ ತೀರ್ಮಾನವಾಗಲಿಲ್ಲ. ಇಬ್ಬರೂ ತಾವೇ ಗೆದ್ದೆವೆಂದು ಬರೆದುಕೊಂಡರು.

ಕೊನೆಯ ಟೆಸ್ಟ್ ಮದ್ರಾಸಿನಲ್ಲಿ. ಸರಣಿ ಸಮ. ಐದನೆಯ ದಿನ ಊಟದ ಮೇಲೆ ನಮ್ಮ ಕೊನೆಯ ಜೋಡಿ ಆಡುತ್ತಿತ್ತು. ಗೆಲ್ಲಲು ಬೇಕಾದ ರನ್ನುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ರೈಲ್ವೆ ವರ್ಕ್‌ಶಾಪಿನ ಜನ, ಬಟ್ಟೆ ಅಂಗಡಿಯವರು, ಹೂ ಮಾರುವವರು, ಎಲ್ಲರೂ ನನ್ನ ಮುಂದೆ. ಇಮಾಮಸಾಬರ ಕೈ ತೊಡೆಯ ಮೇಲೆ ಒಂದು ಸಲ ತಟ್ಟಿತು. ತುಳಜಾಸಾ ತಿರುಗಿ ಒಂದು ಅಂಕಿ ತಿದ್ದಿದರು. ಇನ್ನೊಂದು ತಟ್ಟು. ಇನ್ನೊಂದು ಅಂಕಿ.

ತಿರುಗಿ ನೋಡಿದರೆ ಯಾರ ಕೈಯೂ ಆಡುತ್ತಿರಲಿಲ್ಲ.

ರೇಡಿಯೋದಲ್ಲಿ ಮೈದಾನವಿಡೀ ಗದ್ದಲ. ನನ್ನ ಮುಂದಿನ ಓಣಿಯಲ್ಲಿ ಮಾತ್ರ ಉಸಿರೂ ಇಲ್ಲ. ಇಮಾಮಸಾಬರು ಕೈ ಎತ್ತಬೇಕಿತ್ತು. ಎತ್ತಲು ಆಗದೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಸಿಸ್ಟರ್ ನೆಲ ನೋಡುತ್ತಿದ್ದರು. ತುಳಜಾಸಾ ಒಂದೊಂದೇ ಮುಖವನ್ನು ನೋಡುತ್ತ ಬಂದರು. ಕೊನೆಗೆ ಗೆಳೆಯನ ಮುಖಕ್ಕೆ ಬಂದು ನಿಂತರು. ಆಮೇಲೆ ತಮ್ಮ ಬಲಗೈಯ ತೋರುಬೆರಳನ್ನು ತಾವೇ ಮೆಲ್ಲಗೆ ಮೇಲೆತ್ತಿದರು. ಇಮಾಮಸಾಬರು ತಲೆಯಾಡಿಸಿದರು.

ಅವರು ನನ್ನ ಕಡೆ ತಿರುಗಿ ಸ್ವಚ್ಛ ಅಕ್ಷರದಲ್ಲಿ ಬರೆದರು: 'ಸೋತೆವು. ಎರಡು ರನ್.' ಸ್ವಲ್ಪ ಯೋಚಿಸಿ, ಕೆಳಗೆ ಸೇರಿಸಿದರು: 'ಚೆಲೋ ಆಡಿದ್ರು.'

ಜನ ಚದುರಲಿಲ್ಲ. ಚಹಾ ಬಂತು. ಆ ಕೊನೆಯ ಚೆಂಡನ್ನು ಬಿಡಬೇಕಿತ್ತೋ ಆಡಬೇಕಿತ್ತೋ ಎಂಬ ಮಾತೆದ್ದಿತು. ಖಡು ಕೈಯಿಂದ ಕೈಗೆ ಹೋಯಿತು. ದೀಪ ಹಚ್ಚುವ ಹೊತ್ತಿಗೆ ನನ್ನ ಮೈಯಲ್ಲಿ ಬೆರಳಿಡುವಷ್ಟೂ ಕಪ್ಪು ಉಳಿದಿರಲಿಲ್ಲ. ಅಷ್ಟು ದೊಡ್ಡ ಸೋಲಿನ ದಿನ ತುಳಜಾಸಾ ನಗುತ್ತ ಅಂಗಡಿಯ ಬಾಗಿಲು ಹಾಕಿದರು.

ಮುಂದೆ ಅವರ ಕಿವಿ ಪೂರ್ತಿ ಹೋಯಿತು. ರೇಡಿಯೋ ಬಿಟ್ಟು ಫ್ಯಾನಿಗೆ, ಮೋಟಾರಿಗೆ ವೈಂಡಿಂಗ್ ಮಾಡತೊಡಗಿದರು. ತಂತಿ ಸುತ್ತಲು ಕಣ್ಣು, ಕೈ ಸಾಕು. ಟೀವಿ ಬಂತು; ಸ್ಕೋರು ಕೇಳಿಕೊಂಡು ಬರುವವರು ಕಡಿಮೆಯಾದರು. ಆದರೂ ಸಂಜೆ ಇಮಾಮಸಾಬರು ಬಂದು ನನ್ನ ಮೇಲೆ ಏನಾದರೊಂದು ತಗಾದೆ ಬರೆಯುವುದು ತಪ್ಪಲಿಲ್ಲ. ಅವರ ಕಾಗುಣಿತ ಕೊನೆಯವರೆಗೂ ಸುಧಾರಿಸಲಿಲ್ಲ. ಒಂದು ಚಳಿಗಾಲ ಅವರು ತೀರಿಕೊಂಡರು. ಆ ಬಳಿಕ ತುಳಜಾಸಾ ಹಲವು ಸಲ ಖಡು ಹಿಡಿದು ನನ್ನ ಮುಂದೆ ನಿಂತು, ಏನೂ ಬರೆಯದೆ ಜೇಬಿಗೆ ಹಾಕಿಕೊಂಡದ್ದುಂಟು. ಅವರೂ ಹೋದ ಮೇಲೆ ಅಂಗಡಿ ಬೇರೆಯವರ ಪಾಲಾಯಿತು. ನಾನು ಗುಜರಿ ಸೇರಿದೆ.

ಇಲ್ಲಿ ಎರಡು ಕಲ್ಲುಗಳ ಮೇಲೆ ನನ್ನನ್ನು ಮಲಗಿಸಿ ಕೂರುವ ಹಲಗೆ ಮಾಡಿದ್ದಾರೆ. ಬಣ್ಣ ಹೋಗಿದೆ, ಒಂದು ಬಿರುಕು ಬಿಟ್ಟಿದೆ. ಬಂದವರು ಕೂರುತ್ತಾರೆ, ಫೋನು ನೋಡುತ್ತಾರೆ, ಎದ್ದು ಹೋಗುತ್ತಾರೆ. ಸ್ಕೋರು ಎಲ್ಲರ ಕೈಯಲ್ಲೂ ಇದೆ. ಯಾರೂ ಯಾರನ್ನೂ ಕೇಳುವುದಿಲ್ಲ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ತುಳಜಾಸಾರಿಗೆ ಬೇಕಾಗಿದ್ದದ್ದು ಸ್ಕೋರಷ್ಟೇ ಆಗಿದ್ದರೆ ಮರುದಿನದ ಪೇಪರ್ ಸಾಕಾಗಿತ್ತು. ಅವರಿಗೆ ಬೇಕಾಗಿದ್ದದ್ದು, 'ನೀ ತಪ್ಪು' ಎನ್ನಲು ಎದುರಿಗೊಬ್ಬ ಮನುಷ್ಯ.

ಮೊನ್ನೆ ಇಬ್ಬರು ನಡುವಯಸ್ಸಿನವರು ಬಂದು ಕೂತರು. ಪರದೇಶದಲ್ಲೆಲ್ಲೋ ಟೆಸ್ಟ್ ನಡೆದಿತ್ತಂತೆ. "ಅಂವನ್ನ ಟೀಮಿನ್ಯಾಗಿಂದ ತಗೀಬಾರದಾಗಿತ್ತು" ಎಂದನೊಬ್ಬ. "ನಿನಗೇನ ಗೊತ್ತೈತಿ" ಎಂದ ಇನ್ನೊಬ್ಬ, ನನ್ನ ಮೇಲೆ ಗುದ್ದಿ. ಚಹಾ ಚೆಲ್ಲಿ ಬಿರುಕಿನೊಳಗೆ ಇಳಿಯಿತು. ಬಿಸಿಯಾಗಿತ್ತು. ದನಿ ಏರುತ್ತಲೇ ಹೋಯಿತು. ಗುಜರಿಯವನು ತೂಕ ನಿಲ್ಲಿಸಿ ನೋಡಿದ. ಕಡೆಗೆ ಇಬ್ಬರೂ ಸಿಟ್ಟಿನಲ್ಲೇ ಎದ್ದರು. ಒಬ್ಬ ಸ್ಕೂಟರ್ ಚಾಲು ಮಾಡಿದ, ಇನ್ನೊಬ್ಬ ಹಿಂದೆ ಹತ್ತಿ ಕುಳಿತ. ಮುಂದಿನವನ ಕಿವಿಯ ಹತ್ತಿರ ಬಾಗಿ ಅವನು ವಾದ ಮುಂದುವರಿಸುತ್ತಿದ್ದಂತೆ, ಇಬ್ಬರೂ ಓಣಿಯ ತಿರುವು ದಾಟಿ ಹೋದರು.