ಹದಿನೆಂಟು ಉಗುರುಗಳು

ಅತ್ತೆಯ ಮುಂಗೈಗೆ ಆದದ್ದು ಒಂದು ಸಣ್ಣ ಗೀರು. ಬೆಕ್ಕು ಮಡಿಲಿನಿಂದ ಕೆಳಕ್ಕೆ ಹಾರುವಾಗ ಉಗುರು ತಗುಲಿತ್ತು, ಅಷ್ಟೆ. ಬೇರೆಯವರಾಗಿದ್ದರೆ ಒರೆಸಿಕೊಂಡು ಮರೆತುಬಿಡುತ್ತಿದ್ದರು. ಆದರೆ ಆರು ತಿಂಗಳ ಹಿಂದೆ ಹೃದಯದ ಆಪರೇಷನ್ ಆದಂದಿನಿಂದ ಅತ್ತೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಸೊಸೆ ಓಡಿ ಬಂದು, ಕೈಗೆ ಸಿಕ್ಕಿದ ಹೊಸ ಲೈನಿಂಗ್ ಬಟ್ಟೆಯನ್ನೇ ಮಡಚಿ ಗಾಯಕ್ಕೆ ಒತ್ತಿ ಹಿಡಿದಳು. ರಕ್ತ ನಿಲ್ಲಲು ಮುಕ್ಕಾಲು ಗಂಟೆ ಹಿಡಿಯಿತು.

ಸಂಜೆ ಗಂಡ ಕೆಲಸದಿಂದ ಬಂದವನೇ ಅಮ್ಮನ ಕೈಯ ಪಟ್ಟಿ ನೋಡಿದ.

"ಬೆಕ್ಕನ್ನ ಕಳಿಸಿಬಿಡೋಣ. ನಮ್ಮ ಪ್ರೆಸ್ಸಿನ ಕಾಗದದ ಗೋದಾಮಿಗೆ ಒಂದು ಬೆಕ್ಕು ಬೇಕು ಅಂತಿದ್ರು. ಇಲಿ ಹಿಡ್ಕೊಂಡು ಆರಾಮಾಗಿರುತ್ತೆ."

ಅತ್ತೆ ಕಿಟಕಿಯ ಕಡೆ ತಿರುಗಿ ಕೂತರು. ಆಸ್ಪತ್ರೆಯಿಂದ ಬಂದಮೇಲೆ ಅವರು ಹೊಸ್ತಿಲು ದಾಟಿರಲಿಲ್ಲ. ಮನೆಯವರೊಡನೆ ಹೂಂ, ಉಹುಂ ಬಿಟ್ಟರೆ ಮಾತಿಲ್ಲ. ಮಾತೆಲ್ಲ ಬೆಕ್ಕಿನ ಜೊತೆ. ಮನೆಯಲ್ಲಿದ್ದ ಒಂದೇ ಒಂದು ಮೆತ್ತನೆಯ ಕುರ್ಚಿಯನ್ನು ಹಿಡಿದು, ಯಾರಾದರೂ ಬಂದು ಸೇವೆ ಮಾಡಲಿ ಎಂಬಂತೆ ಕೂರುತ್ತಿದ್ದ ಅದಕ್ಕೆ ಸಾಹೇಬ ಎಂದು ಹೆಸರಿಟ್ಟವರೂ ಅವರೇ.

ಸೊಸೆಗೆ ಬೆಕ್ಕಿನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಗಿರಾಕಿಗಳ ಕಪ್ಪು ಕೋಟಿನ ಮೇಲೆಲ್ಲ ಬಿಳಿ ಕೂದಲು ಉದುರಿಸಿ ಅದು ಎಷ್ಟೋ ಸಲ ಅವಳಿಂದ ಬೈಸಿಕೊಂಡಿತ್ತು. ಆದರೆ ಯಂತ್ರ ನಿಲ್ಲಿಸಿ ದಾರ ಪೋಣಿಸುವ ಹೊತ್ತಿನಲ್ಲಿ ಪಕ್ಕದ ಕೋಣೆಯಿಂದ ಅತ್ತೆಯ ಮಾತು ಅವಳಿಗೆ ಕೇಳುತ್ತಿತ್ತು. ಎದೆ ನೋವಿನ ಮಾತು, ಸತ್ತ ಗಂಡನ ಮಾತು, ಮೆಟ್ಟಿಲಿಳಿಯಲು ತನಗಿರುವ ಹೆದರಿಕೆಯ ಮಾತು. ಇವನ್ನು ಅತ್ತೆ ಮಗನಿಗೂ ಹೇಳಿರಲಿಲ್ಲ, ಸೊಸೆಗೂ ಹೇಳಿರಲಿಲ್ಲ. ಬೆಕ್ಕು ಹೋದರೆ ಆ ದನಿಯೂ ಹೋಗುತ್ತದೆ ಎಂದು ಅವಳಿಗೆ ಅನ್ನಿಸಿತು.

"ಒಂದು ತಿಂಗಳು ತಡೀರಿ," ಅಂದಳು. "ಉಗುರು ಕತ್ತರಿಸಿದ್ರೆ ಆಯ್ತಲ್ಲ."

"ಯಾರು ಕತ್ತರಿಸೋದು?"

"ನಾನು."

ಗಂಡ ನಕ್ಕ. "ನೀನು ಅದನ್ನ ಮುಟ್ಟಿದ್ದೇ ನಾನು ನೋಡಿಲ್ಲ."

"ಇಷ್ಟು ದಿನ ಮುಟ್ಟೋ ಪ್ರಮೇಯ ಬಂದಿರಲಿಲ್ಲ. ಈಗ ಬಂದಿದೆ."

ಹದಿನೈದು ವರ್ಷ ಕತ್ತರಿ ಹಿಡಿದ ಕೈ ತನ್ನದು, ಒಂದು ಉಗುರು ಯಾವ ಲೆಕ್ಕ ಎಂದುಕೊಂಡಿದ್ದಳು. ಮಾರನೆಯ ಬೆಳಿಗ್ಗೆ ಮನೆಯವರು ಬಳಸುವ ನೇಲ್ ಕಟರ್ ಹಿಡಿದು, ಬೆಕ್ಕನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದಳು. ಮೊದಲನೆಯ ಉಗುರು ತುಂಡಾಗುವ ಬದಲು ಚಪ್ಪಟೆಯಾಗಿ ಸೀಳಿಹೋಯಿತು. ಬೆಕ್ಕು ಕಿರುಚಿತು. ಅವಳು ಗಾಬರಿಯಲ್ಲಿ ಎರಡನೆಯದಕ್ಕೆ ಕೈ ಹಾಕಿದಳು. ಆ ಉಗುರಿನ ತುದಿಯಿಂದ ಟಪಟಪನೆ ರಕ್ತ ಸುರಿಯಿತು. ಬೆಕ್ಕು ಅವಳ ತೋಳನ್ನು ಮೊಣಕೈವರೆಗೆ ಗೀರಿ, ಬೀರುವಿನ ಹಿಂದೆ ಹೊಕ್ಕು, ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಬಿಡೇ. ಗೋದಾಮಿಗೆ ಹೋದ್ರೆ ಹೋಗ್ಲಿ. ನಿನ್ನ ಕೈ ನೋಡ್ಕೋ, ಹೊಲಿಯೋ ಕೈ ಅದು."

"ಬಿಡಲ್ಲ ಅತ್ತೆ," ಅಂದಳು ಸೊಸೆ, ತೋಳನ್ನು ಸೋಪು ಹಾಕಿ ತೊಳೆಯುತ್ತ. "ನನಗೆ ಗೊತ್ತಿಲ್ಲ, ಅಷ್ಟೇ. ಗೊತ್ತಿರೋರ ಹತ್ರ ಕಲ್ತ್ಕೊಂಡು ಬರ್ತೀನಿ."

ಹಾಗೆ ಹೇಳಿದ್ದು ಸುಲಭ. ಆದರೆ ಆಸ್ಪತ್ರೆಯೆಂದರೆ ಅವಳ ಮೈ ಜುಂ ಅನ್ನುತ್ತಿತ್ತು. ಅತ್ತೆಯನ್ನು ಒಳಗೆ ಕರೆದೊಯ್ದ ದಿನ ಬಾಗಿಲು ಮುಚ್ಚಿದವರು ಐದು ಗಂಟೆ ತೆರೆದಿರಲಿಲ್ಲ. ಕೇಳಿದರೆ ಯಾರೂ ತಲೆಯೆತ್ತಿ ಉತ್ತರ ಕೊಟ್ಟಿರಲಿಲ್ಲ. ಮುಚ್ಚಿದ ಬಾಗಿಲ ಮುಂದೆ ಇನ್ನೊಮ್ಮೆ ಕೂರುವುದಿಲ್ಲ ಎಂದು ಅವಳು ಅಂದೇ ನಿಶ್ಚಯಿಸಿಕೊಂಡಿದ್ದಳು.

ಮೂರು ಬೀದಿಯಾಚೆಯ ಪಶು ಆಸ್ಪತ್ರೆಯಲ್ಲಿ ಚೀಟಿಗೆ ಸಾಹೇಬ ಎಂದು ಬರೆಸಿ ಕೂತ ಅವಳ ಸರದಿ ಬಂದಾಗ, ದಪ್ಪ ಮೀಸೆಯ ಕಾಂಪೌಂಡರ್ ಬೆಕ್ಕಿನ ಬುಟ್ಟಿಗೆ ಕೈ ಚಾಚಿದ.

"ಕೊಡಿ, ಒಳಗೆ ಕರ್ಕೊಂಡು ಹೋಗ್ತೀನಿ."

ಅವಳು ಬುಟ್ಟಿಯನ್ನು ಎದೆಗೆ ಅವಚಿಕೊಂಡಳು. "ಏನ್ ಮಾಡೋದಿದ್ರೂ ನನ್ನ ಕಣ್ಣೆದುರಿಗೇ ಮಾಡಿ. ಇನ್ಮೇಲೆ ಇದರ ಉಗುರು ನಾನೇ ತೆಗೀಬೇಕು, ಕಲೀಬೇಕು."

ಅವನು ಅವಳ ತೋಳಿನ ಗೀರುಗಳನ್ನು ಒಂದು ಸಲ, ಅವಳ ಮುಖವನ್ನು ಒಂದು ಸಲ ನೋಡಿದ. "ಸರಿ, ನೀವೂ ಬನ್ನಿ."

ಒಳಗೆ ಸ್ಟೀಲ್ ಮೇಜಿನ ಮೇಲೆ ಅವನು ಮೊದಲು ಒಂದು ದಪ್ಪ ಟವೆಲ್ ಹಾಸಿದ. ಬುಟ್ಟಿಯ ಮುಚ್ಚಳ ತೆಗೆದು ಸುಮ್ಮನೆ ನಿಂತ. ಬೆಕ್ಕು ತಾನಾಗಿ ತಲೆ ಹೊರಹಾಕುವವರೆಗೂ ಕಾದ. ಆಮೇಲೆ ಮಗುವಿಗೆ ಸುತ್ತುವಂತೆ ಟವೆಲ್ ಸುತ್ತಿ, ಒಂದೇ ಒಂದು ಕಾಲನ್ನು ಹೊರಗೆ ತೆಗೆದ.

"ನೀವು ಉಗುರು ಕತ್ತರಿಸೋವಾಗ ಯಾವತ್ತಾದ್ರೂ ರಕ್ತ ಬಂದಿದೆಯಾ?" ಅವಳು ನೇರವಾಗಿ ಕೇಳಿದಳು.

"ಬಂದಿದೆ," ಅಂದ ಅವನು. "ಕಲಿಯೋವಾಗ ಸುಮಾರು ಸಲ. ಹೋದ ವರ್ಷಾನೂ ಒಂದ್ ಸಲ, ಕಪ್ಪು ಉಗುರಿನ ನಾಯಿಗೆ. ಒಳಗಿನ ಗೆರೆ ಕಾಣ್ಲಿಲ್ಲ. ಪುಡಿ ಒತ್ತಿ ನಿಲ್ಲಿಸಿದ್ವಿ, ಮನೆಯವರಿಗೂ ಹೇಳಿದ್ವಿ."

ಇಲ್ಲ ಎಂದಿದ್ದರೆ ಅವಳು ಬುಟ್ಟಿ ಎತ್ತಿಕೊಂಡು ಹೊರಟೇಬಿಡುತ್ತಿದ್ದಳೋ ಏನೋ.

ಅವನು ಬೆಕ್ಕಿನ ಬೆರಳಿನ ಮೇಲೊಂದು, ಕೆಳಗೊಂದು ತನ್ನ ಬೆರಳಿಟ್ಟು ಮೆಲ್ಲಗೆ ಒತ್ತಿದ. ಒಳಗೆ ಅಡಗಿದ್ದ ಉಗುರು ಹೊರಗೆ ಜಾರಿ ಬಂತು. "ಬೆಳಕಿಗೆ ಹಿಡಿದು ನೋಡಿ. ಒಳಗೆ ಗುಲಾಬಿ ಬಣ್ಣ ಕಾಣುತ್ತಾ? ರಕ್ತ, ನರ ಎಲ್ಲ ಅಲ್ಲಿರುತ್ತೆ. ಅದರ ತಂಟೆಗೆ ಹೋಗ್ಬಾರ್ದು. ಬಿಳಿ ಕೊಕ್ಕೆ ಇದೆಯಲ್ಲ, ಅದರ ತುದಿ ಮಾತ್ರ." ಪುಟ್ಟ ಕತ್ತರಿ ಕಿಟ್ ಎಂದಿತು. ಬೆಕ್ಕು ಕಿವಿ ಅಲ್ಲಾಡಿಸಿತೇ ಹೊರತು ಕದಲಲಿಲ್ಲ. "ಮನುಷ್ಯರ ನೇಲ್ ಕಟರ್ ಇದಕ್ಕೆ ಆಗಲ್ಲ. ಒತ್ತಿ ಸೀಳಿಬಿಡುತ್ತೆ."

"ಗೊತ್ತಾಯ್ತು," ಅಂದಳು ಅವಳು.

ಎಡ ಮುಂಗಾಲಿನ ಒಳಮಗ್ಗುಲಿಗೆ, ಉಳಿದವಕ್ಕಿಂತ ಮೇಲೆ, ಒಂಟಿಯಾಗಿ ಒಂದು ಉಗುರಿತ್ತು. ಅದನ್ನು ನೋಡಿದ್ದೇ ಅವನ ಕೈ ನಿಂತಿತು. ವಯಸ್ಸಾದ ಬೆಕ್ಕಿನ ಹಳದಿ ಬಣ್ಣದ ದಪ್ಪ ಉಗುರು ಉಂಗುರದಂತೆ ಸುತ್ತಿಕೊಂಡು ಅಂಗಾಲಿನ ಮೆತ್ತೆಯೊಳಕ್ಕೆ ಹೊಕ್ಕಿತ್ತು. ಸುತ್ತ ಕೀವಾಗಿತ್ತು. ಇಷ್ಟು ದಿನ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಕಾಂಪೌಂಡರ್ ಡಾಕ್ಟರಮ್ಮನನ್ನು ಕರೆದ. ಅವರು ಕನ್ನಡಕ ಏರಿಸಿ ನೋಡಿ, "ಒಳಗೆ ಹೊಕ್ಕಿರೋ ತುದಿ ಕತ್ತರಿಸಿ ತೆಗೀಬೇಕು. ಐದು ನಿಮಿಷದ ಕೆಲಸ, ಆದ್ರೆ ನೋಯುತ್ತೆ. ಇಂಜೆಕ್ಷನ್ ಕೊಟ್ಟು ಮಾಡ್ತೀವಿ. ನೀವು ಹೊರಗಿರಿ," ಅಂದರು.

"ನಾನು ಇಲ್ಲೇ ಇರ್ತೀನಿ."

ಡಾಕ್ಟರಮ್ಮ ಔಷಧಿ ತರಲು ಹೋದಾಗ ಕಾಂಪೌಂಡರ್ ತಗ್ಗಿದ ದನಿಯಲ್ಲಿ ಹೇಳಿದ, "ನೋಡಿ ಅಮ್ಮ, ಇದರ ಉಗುರು ಇನ್ಮೇಲೆ ನೀವೇ ತೆಗೀಬೇಕು ಅಂತಿದ್ದೀರಿ. ನೋವಾಗೋ ಹೊತ್ತಲ್ಲಿ ನಿಮ್ಮ ಮುಖ, ನಿಮ್ಮ ವಾಸನೆ ಇಲ್ಲಿದ್ರೆ ಅದು ನೆನಪಿಟ್ಕೊಳ್ಳುತ್ತೆ. ನೋಯಿಸೋ ಕೆಲಸ ನಮಗೆ ಬಿಡಿ. ಸಿಟ್ಟು ಬರೋದಾದ್ರೆ ನನ್ನ ಮೇಲೆ ಬರ್ಲಿ. ಬಾಗಿಲು ಮುಚ್ಚಲ್ಲ, ಅರ್ಧ ತೆಗೆದೇ ಇರುತ್ತೆ. ಮುಗಿದ ತಕ್ಷಣ ನಾನೇ ಬಂದು ಹೇಳ್ತೀನಿ."

ಅವಳು ಬೆಕ್ಕನ್ನು ನೋಡಿದಳು. ಅದು ಟವೆಲಿನೊಳಗೆ ಕಣ್ಣು ಅಗಲಿಸಿಕೊಂಡು ಅವನ ತೋಳಿಗೆ ಒರಗಿತ್ತು. ಹಿಡಿದಿದ್ದ ಕೈ ಬಿಗಿಯಾಗಿತ್ತು, ಒರಟಾಗಿರಲಿಲ್ಲ. ಬಟ್ಟೆಯನ್ನು ಬಲ್ಲವರು ಹಿಡಿಯುವುದಕ್ಕೂ ಹೊಸಬರು ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಅವಳಿಗೆ ಚೆನ್ನಾಗಿ ಗೊತ್ತು. ಅವಳು ಹೊರಗೆ ಬಂದು ಬೆಂಚಿನ ಮೇಲೆ ಕೂತಳು.

ಬಾಗಿಲು ಅರ್ಧ ತೆರೆದೇ ಇತ್ತು. ಒಂದು ಸಲ ಬೆಕ್ಕಿನ ಕೂಗು ಕೇಳಿಸಿತು. ಅವಳು ಎದ್ದು ನಿಂತಳು, ಬೆಂಚಿನ ಅಂಚು ಹಿಡಿದು ಮತ್ತೆ ಕೂತಳು. ಹೊರಗೆ ಬಂದ ಕಾಂಪೌಂಡರ್‌ನ ಮಣಿಕಟ್ಟಿನಲ್ಲಿ ಹೊಸ ಗೀರೊಂದು ಕೆಂಪಗಿತ್ತು.

"ಬಂತು. ಚುಚ್ಚಿಕೊಂಡಿದ್ದ ತುದಿ ಪೂರ್ತಿ ಬಂತು. ಕೀವು ತೊಳೆದಿದ್ದೀವಿ. ನಿಮ್ಮ ಸಾಹೇಬರು ನನಗೆ ಬಹುಮಾನಾನೂ ಕೊಟ್ಟಿದ್ದಾರೆ," ಎಂದು ಕೈ ತೋರಿಸಿದ.

ಐದು ದಿನದ ಔಷಧಿಯ ಜೊತೆ ಅವನು ಅವಳಿಗೆ ಒಂದು ಕೆಲಸವನ್ನೂ ಕೊಟ್ಟು ಕಳಿಸಿದ. "ಎರಡು ವಾರ ಕತ್ತರಿ ಮುಟ್ಟಬೇಡಿ. ದಿನಾ ಅದು ತೂಕಡಿಸೋವಾಗ ಪಕ್ಕದಲ್ಲಿ ಕೂತು ಬರೀ ಕಾಲು ಹಿಡೀರಿ. ಬೆರಳು ಒತ್ತಿ, ಬಿಡಿ. ತಿನ್ನೋಕೆ ಏನಾದ್ರೂ ಕೊಡಿ. ಎಳ್ಕೊಂಡ್ರೆ ಬಿಟ್ಟುಬಿಡಿ. ಹಟ ನಿಮಗಿರ್ಲಿ, ಕೈಗೆ ಬೇಡ."

ಅವಳು ಹಾಗೇ ಮಾಡಿದಳು. ಮೊದಲ ನಾಲ್ಕು ದಿನ ಬೆಕ್ಕು ಅವಳ ನೆರಳು ಕಂಡರೆ ಎದ್ದು ಹೋಗುತ್ತಿತ್ತು. ಅವಳು ಹೊಲಿಗೆಯನ್ನು ಮೆತ್ತನೆಯ ಕುರ್ಚಿಯ ಪಕ್ಕಕ್ಕೇ ತಂದುಕೊಂಡು, ನೆಲದ ಮೇಲೆ ಕೂತು ಗುಂಡಿ ತೂರಿಸುವ ಕಾಜಾ ಹಾಕತೊಡಗಿದಳು. ಐದನೆಯ ದಿನ ಬೇಯಿಸಿದ ಮೀನಿನ ಚೂರು ತಿನ್ನುತ್ತ ಅದು ಅವಳಿಗೆ ಒಂದು ಕಾಲು ಕೊಟ್ಟಿತು. ಹದಿಮೂರನೆಯ ದಿನ ಗೊರಕೆ ಹೊಡೆಯುತ್ತಲೇ ಎರಡೂ ಮುಂಗಾಲು ಒತ್ತಿಸಿಕೊಂಡಿತು. ಹದಿನೈದನೆಯ ದಿನ, ಆಸ್ಪತ್ರೆಯಲ್ಲಿ ಕಂಡಂಥದೇ ಪುಟ್ಟ ಕತ್ತರಿ ತಂದು, ಕಿಟಕಿಯ ಬೆಳಕಿನಲ್ಲಿ ಗುಲಾಬಿ ಗೆರೆಯನ್ನು ಮೂರು ಸಲ ನೋಡಿ, ಒಂದು ಉಗುರಿನ ತುದಿ ಕತ್ತರಿಸಿದಳು. ಅವಳ ಬೆನ್ನೆಲ್ಲ ಬೆವರಿತ್ತು. ಬೆಕ್ಕು ಕಣ್ಣು ಬಿಡಲಿಲ್ಲ.

"ಇವತ್ತಿಗೆ ಒಂದೇ ಸಾಕಾ?" ಮಂಚದ ಮೇಲಿಂದ ಅತ್ತೆ ಕೇಳಿದರು.

"ಒಂದೇ ಸಾಕು. ನಾಳೆ ಎರಡು."

ತಿಂಗಳು ಮುಗಿಯುವಷ್ಟರಲ್ಲಿ ಮುಂಗಾಲಿನ ಹತ್ತೂ ಉಗುರು ಮೊಂಡಾಗಿದ್ದವು. ಗಂಡ ಒಂದೊಂದನ್ನೇ ತನ್ನ ಅಂಗೈಗೆ ಉಜ್ಜಿ ನೋಡಿ, "ಗೋದಾಮಿನವರಿಗೆ ಬೇರೆ ಬೆಕ್ಕು ಹುಡುಕಿಕೊಳ್ಳಿ ಅಂತ ಹೇಳ್ತೀನಿ," ಅಂದ. ಆದರೆ ಹಿಂಗಾಲಿನ ಎಂಟು ಅವಳಿಗೆ ಕೊನೆಗೂ ಒಲಿಯಲಿಲ್ಲ. ಅಲ್ಲಿ ಮುಟ್ಟಿದರೆ ಬೆಕ್ಕಿಗೆ ಕಚಗುಳಿಯೋ ಕೋಪವೋ, ಇಡೀ ಮೈ ತಿರುಚುತ್ತಿತ್ತು. ಅವಳು ಬಲವಂತ ಮಾಡಲಿಲ್ಲ. ಬುಟ್ಟಿ ತೆಗೆದಳು.

"ನಾನೂ ಬರ್ತೀನಿ," ಅಂದರು ಅತ್ತೆ.

ಸೊಸೆ ತಿರುಗಿ ನೋಡಿದಳು. ಅತ್ತೆ ಆಗಲೇ ಚಪ್ಪಲಿಗೆ ಕಾಲು ತೂರಿಸುತ್ತಿದ್ದರು. "ಯಾರೋ ಮೀಸೆಯವನು ನನ್ನ ಸಾಹೇಬನ ಕಾಲು ಹಿಡೀತಾನಂತೆ. ಎಂಥವನು ಅಂತ ನಾನೂ ನೋಡಬೇಡವಾ?"

ಮೆಟ್ಟಿಲಿಳಿಯಲು ಹತ್ತು ನಿಮಿಷ ಹಿಡಿಯಿತು. ಒಂದು ಕೈ ಕಂಬಿಯ ಮೇಲೆ, ಒಂದು ಕೈ ಸೊಸೆಯ ಭುಜದ ಮೇಲೆ. ಮೂರು ಬೀದಿಯಲ್ಲಿ ನಾಲ್ಕು ಕಡೆ ನಿಂತು ಉಸಿರು ತೆಗೆದುಕೊಂಡರು.

ಕಾಂಪೌಂಡರ್ ಅವರಿಗೆ ಮೇಜಿನಿಂದ ಎರಡು ಮಾರು ದೂರದಲ್ಲಿ ಕುರ್ಚಿ ಹಾಕಿದ. "ಅಜ್ಜಿ, ನೀವು ಮುಟ್ಟೋದು ಬೇಡ. ಅಲ್ಲಿಂದಾನೇ ಅದರ ಜೊತೆ ಮಾತಾಡ್ತಾ ಇರಿ."

ಅತ್ತೆಗೆ ಅಷ್ಟೇ ಬೇಕಾಗಿತ್ತು. ಬೆಕ್ಕಿಗೆ ಬುದ್ಧಿ ಹೇಳುವ ನೆಪದಲ್ಲಿ ಕಾಂಪೌಂಡರ್‌ನ ಮೀಸೆ, ತಣ್ಣನೆಯ ಮೇಜು, ಗೋಡೆಯ ಬಣ್ಣ, ಒಂದನ್ನೂ ಬಿಡದೆ ಎಲ್ಲಕ್ಕೂ ಹೆಸರಿಟ್ಟರು. ಅವರ ಮಾತು ಮುಗಿಯುವ ಮೊದಲೇ ಎಂಟೂ ಉಗುರು ಮುಗಿದಿದ್ದವು. ಅವನು ಮುಂಗಾಲುಗಳನ್ನೂ ಒಮ್ಮೆ ಎತ್ತಿ ನೋಡಿದ.

"ಇವನ್ನ ನೀವೇ ತೆಗೆದ್ರಾ? ಇನ್ನೊಂದು ಚೂರು ಗಿಡ್ಡ ಮಾಡಬಹುದಿತ್ತು."

"ಇಷ್ಟೇ ಸಾಕು," ಅಂದಳು ಸೊಸೆ.

"ಹೌದು, ಇಷ್ಟೇ ಸಾಕು," ಎಂದು ಅವನೂ ಒಪ್ಪಿ ಬುಟ್ಟಿಯ ಮುಚ್ಚಳ ಹಾಕಿದ.

ಹೊರಗೆ ಬಂದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಸೊಸೆ ಮನೆಯ ಕಡೆ ತಿರುಗಿದಳು. ಅತ್ತೆ ಅಲ್ಲೇ ನಿಂತು ಎದುರು ದಿಕ್ಕಿಗೆ ನೋಡುತ್ತಿದ್ದರು.

"ಆ ಕಡೆ ಒಂದು ಪಾರ್ಕ್ ಇತ್ತಲ್ಲವೇನೇ? ಈಗಲೂ ಇದೆಯಾ?"

"ಇದೆ ಅತ್ತೆ. ಸ್ವಲ್ಪ ದೂರ."

"ದೂರ ಇದ್ರೆ ನಿಧಾನಕ್ಕೆ ಹೋದ್ರಾಯ್ತು," ಎಂದು ಅತ್ತೆ ಅವಳ ಭುಜ ಹಿಡಿದುಕೊಂಡರು.