ಕೆಂಚನಿಗೆ ಅನ್ನ ಹಾಕೋರು ಯಾರು?

ಹಬ್ಬಕ್ಕೆ ಊರಿಗೆ ಹೊರಡುವ ಮನೆಯ ಗಡಿಬಿಡಿ ಯಾರಿಗೆ ಗೊತ್ತಿಲ್ಲ? ಗ್ಯಾಸ್ ಆಫ್ ಮಾಡಿದೆಯಾ, ಕಿಟಕಿ ಹಾಕಿದೆಯಾ, ಮಗುವಿನ ಸ್ವೆಟರ್ ತೆಗೆದುಕೊಂಡೆಯಾ ಎಂದು ನೂರೆಂಟು ಪ್ರಶ್ನೆ. ಬೀಗ ಹಾಕಿದ ಮೇಲೂ ನಂಬಿಕೆ ಸಾಲದೆ ಎರಡೆರಡು ಸಲ ಎಳೆದು ನೋಡುತ್ತೇವೆ. ಬಾಗಿಲ ಹೊರಗೆ ಉಳಿಯುವ ಜೀವದ ಕಡೆ ಮಾತ್ರ ಒಂದು ಸಲವೂ ಸರಿಯಾಗಿ ತಿರುಗಿ ನೋಡುವುದಿಲ್ಲ. ಹೊಸೂರಿನ ಅಂಚಿನ ಅವಲಪಲ್ಲಿಯಲ್ಲಿದ್ದ ಶಶಿಕುಮಾರನೂ ನೋಡಲಿಲ್ಲ. ಅವನೇನು ಕೆಟ್ಟವನಲ್ಲ, ನಮ್ಮ ನಿಮ್ಮ ಹಾಗೇ ಇದ್ದವನು. ಅದಕ್ಕೇ ಅವನ ಕಥೆ ಹೇಳಬೇಕಾಗಿದೆ.

ಶಶಿಕುಮಾರನ ಊರು ಮಾಗಡಿ ಕಡೆ. ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಹೆಂಡತಿ ಉಷಾರಾಣಿ, ಎರಡನೇ ಕ್ಲಾಸಿನ ಮಗಳು ಸಿಂಚನಾ, ಜೊತೆಗೆ ಕೆಂಚ ಅನ್ನುವ ಕಂದು ಬಣ್ಣದ ನಾಯಿ. ಆರು ಮನೆಗಳ ಆ ವಠಾರಕ್ಕೆ ಅವರು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬಂದ ಮೇಲೆ ಎರಡು ಸಲ ಊರಿಗೆ ಹೋಗಿದ್ದರು. ಒಂದು ಸಲ ಗೌರಿ ಹಬ್ಬಕ್ಕೆ, ಇನ್ನೊಂದು ಸಲ ಅಣ್ಣನ ಮಗಳ ನಾಮಕರಣಕ್ಕೆ. ಎರಡು ಸಲವೂ ಪಕ್ಕದ ಮನೆಯ ಪೂಂಗೊಡಿ ಕೆಂಚನನ್ನು ನೋಡಿಕೊಂಡಿದ್ದಳು. ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಅವಳೇ ಹೊತ್ತು ಹೊತ್ತಿಗೆ ಅನ್ನ ಹಾಕಿ, ನೀರಿಟ್ಟು, ಬಂದ ಮೇಲೆ "ನಿಮ್ಮ ನಾಯಿ ನನ್ನ ಮನೆ ಸಾಂಬಾರಿಗೆ ಸೋತೋಗಿದೆ ಅಕ್ಕಾ" ಎಂದು ನಗುತ್ತಿದ್ದಳು.

ಅದು ಎರಡು ಸಾವಿರದ ಆರನೇ ಇಸವಿಯ ಸಂಕ್ರಾಂತಿ. ಅಣ್ಣ ಚೆನ್ನಕೇಶವ ಹೊಸದಾಗಿ ಜೋಡಿ ಎತ್ತು ಕೊಂಡಿದ್ದ. "ಈ ಸಲ ಕಿಚ್ಚು ಹಾಯ್ಸೋದು ನೋಡೋಕೆ ಬರ್ದಿದ್ರೆ ನೋಡು ಮತ್ತೆ" ಎಂದು ಕರೆ ಕಳಿಸಿದ್ದ. ನಮ್ಮ ಸಂಕ್ರಾಂತಿಯೇ ತಮಿಳುನಾಡಿನ ಪೊಂಗಲ್, ಫ್ಯಾಕ್ಟರಿಗೆ ನಾಲ್ಕು ದಿನ ರಜೆ. ಭೋಗಿಯ ದಿನ ಬೆಳಿಗ್ಗೆಯೇ ಹೊರಟರು.

ಕೆಂಚನನ್ನು ಎಂದೂ ಕಟ್ಟಿದವರಲ್ಲ. ಆದರೆ ಹಬ್ಬದಲ್ಲಿ ಕಳ್ಳರ ಕಾಟ ಜಾಸ್ತಿ ಎಂದು ಫ್ಯಾಕ್ಟರಿಯಲ್ಲಿ ಯಾರೋ ಹೇಳಿದ್ದರು. ಶಶಿಕುಮಾರ ಒಂದು ಸರಪಳಿ ತಂದು ಅವನನ್ನು ಗೇಟಿನ ಕಂಬಕ್ಕೆ ಕಟ್ಟಿದ. ಪಕ್ಕದಲ್ಲಿ ಒಂದು ಮಡಕೆ ನೀರು, ಒಂದು ತಟ್ಟೆ ಅನ್ನ ಇಟ್ಟ.

"ರೀ, ಪೂಂಗೊಡಿಗೆ ಒಂದ್ ಮಾತು ಏಳ್ಬುಟ್ಟು ಬತ್ತೀನಿ ತಡೀರಿ. ಸಂತೆಗೋಗವ್ಳೆ, ಇನ್ನೇನ್ ಬಂದ್ಬುಡ್ತಾಳೆ" ಎಂದಳು ಉಷಾರಾಣಿ.

"ಏಳೋದೇನೈತೆ ಅದ್ರಾಗೆ? ಪ್ರತಿ ಸಲಾನೂ ಅವ್ಳೇ ನೋಡ್ಕೊಳಲ್ವಾ? ಬಸ್ ತಪ್ಪೋದ್ರೆ ಇನ್ನೊಂದ್ ಗಂಟೆ ಕಾಯ್ಬೇಕು, ನಡಿ."

ಸಿಂಚನಾ ಕೆಂಚನ ಕಿವಿ ಹಿಡಿದು "ಎಳ್ಳು ಬೆಲ್ಲ ತತ್ತೀನಿ ಕಣೋ" ಎಂದಳು. ಕೆಂಚ ಅವರ ಹಿಂದೆ ಬರಲು ನೋಡಿದ, ಸರಪಳಿ ಕುತ್ತಿಗೆ ಹಿಡಿದು ಎಳೆಯಿತು. ಹೊಸದಾದ್ದರಿಂದ ಅವನಿಗೆ ಅದು ಏನೆಂದೇ ತಿಳಿಯಲಿಲ್ಲ. ತಿರುಗಿ ತಿರುಗಿ ಅದನ್ನು ಮೂಸಿ ನೋಡುತ್ತಾ ನಿಂತ.

ಬಸ್ಸು ಗಡಿಯ ಜೂಜುವಾಡಿ ದಾಟುವಾಗ ಶಶಿಕುಮಾರ ಮೊಬೈಲ್ ಆಫ್ ಮಾಡಿದ. ಆಗೆಲ್ಲ ಹಾಗೇ. ತಮಿಳುನಾಡಿನ ಸಿಮ್ಮು ಅತ್ತಿಬೆಲೆ ಮುಟ್ಟಿದ ಕೂಡಲೇ ರೋಮಿಂಗ್ ಆಗುತ್ತಿತ್ತು, ಯಾರೋ ಮಾಡಿದ ಕರೆಗೂ ನಾವೇ ದುಡ್ಡು ತೆರಬೇಕಿತ್ತು. ಗಡಿ ಬಂತೆಂದರೆ ಬಸ್ಸಿನಲ್ಲಿ ಅರ್ಧ ಜನ ಫೋನ್ ಆಫ್ ಮಾಡುತ್ತಿದ್ದರು.

ಊರಿನಲ್ಲಿ ಹಬ್ಬ ಜೋರಾಗಿತ್ತು. ಚೆನ್ನಕೇಶವ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಬಲೂನು ಕಟ್ಟಿ, ಮೊರದಲ್ಲಿ ಹುಗ್ಗಿ ತಂದು ತಿನ್ನಿಸುತ್ತಿದ್ದ. ತಾನು ಇನ್ನೂ ಊಟ ಮಾಡಿರಲಿಲ್ಲ. ಸಿಂಚನಾ ಅದನ್ನೇ ನೋಡುತ್ತಾ ಕೇಳಿದಳು.

"ಅಪ್ಪ, ಕೆಂಚಂಗೂ ಇವತ್ತು ಹಬ್ಬ ಅಲ್ವಾ?"

ಚೆನ್ನಕೇಶವ ತಮ್ಮನ ಕಡೆ ತಿರುಗಿದ. "ಹೌದಲ್ಲಾ, ನಾಯಿನ ಬುಟ್ಟು ಬಂದಿದೀಯಲ್ಲಾ, ಅನ್ನ ಹಾಕೋರು ಯಾರ್ಲಾ?"

"ಪಕ್ಕದ್ ಮನೆಯೋರು ಅವ್ರೆ ಕಣಣ್ಣ."

"ಏಳ್ ಬಂದಿದ್ದೀಯಾ ತಾನೇ?"

"ಹೂಂ."

ಅಷ್ಟೇ. ಒಂದು ಹೂಂ. ಅಣ್ಣ ನಂಬಿ ಎತ್ತಿನ ಕಡೆ ತಿರುಗಿಕೊಂಡ. ಶಶಿಕುಮಾರ ಮಾತ್ರ ಹುಗ್ಗಿಯ ತಟ್ಟೆ ಬದಿಗಿಟ್ಟ. ಹಿತ್ತಲಿಗೆ ಹೋಗಿ ಫೋನ್ ತೆಗೆದ. ಆನ್ ಮಾಡಲೋ ಬೇಡವೋ ಎಂದು ಯೋಚಿಸಿದ. ಹಬ್ಬದ ದಿನ ಪೂಂಗೊಡಿ ಕೆಲಸದಲ್ಲಿರುತ್ತಾಳೆ, ನಾಳೆ ಮಾಡಿದರಾಯಿತು ಎಂದು ಮತ್ತೆ ಜೇಬಿಗೆ ಹಾಕಿಕೊಂಡ. ಮರುದಿನ ಬಾಡೂಟ, ನೆಂಟರು, ಹರಟೆ. ಫೋನ್ ಜೇಬಿನಲ್ಲೇ ಉಳಿಯಿತು.

ನಾಲ್ಕನೇ ದಿನ ಸಂಜೆ, ಬಿಸಿಲಿರುವಾಗಲೇ ಅವಲಪಲ್ಲಿಯಲ್ಲಿ ಇಳಿದರು. ಸಿಂಚನಾ ಎಳ್ಳು ಬೆಲ್ಲದ ಪೊಟ್ಟಣ ಹಿಡಿದು ಮುಂದೆ ಓಡಿದಳು. ವಠಾರದಲ್ಲಿ ಒಂದು ಸದ್ದೂ ಇಲ್ಲ. ಆರು ಬಾಗಿಲಿಗೂ ಬೀಗ. ಪೂಂಗೊಡಿಯ ಮನೆಯ ಮುಂದೆ ನಾಲ್ಕು ದಿನದ ಹಿಂದಿನ ರಂಗೋಲಿ ಅರ್ಧ ಅಳಿಸಿಹೋಗಿತ್ತು. ಶಶಿಕುಮಾರ ಅಲ್ಲೇ ನಿಂತ. ಪೊಂಗಲ್ ಅಂದರೆ ಪೂಂಗೊಡಿಗೆ ದೊಡ್ಡ ಹಬ್ಬ, ಅವಳೂ ಊತಂಗರೆ ಕಡೆಯ ತನ್ನೂರಿಗೆ ಹೋಗುತ್ತಾಳೆ ಎನ್ನುವುದು ಆಗ ಹೊಳೆಯಿತು. ನಮ್ಮ ಗೌರಿ ಹಬ್ಬಕ್ಕೆ ಅವಳು ಇಲ್ಲೇ ಇರುತ್ತಾಳೆ, ಅವಳ ಪೊಂಗಲ್‌ಗೆ ಯಾಕಿರುತ್ತಾಳೆ? ಇಷ್ಟು ಸಣ್ಣ ವಿಷಯ.

ಕೆಂಚ ಕಂಬದ ಬುಡದಲ್ಲಿ ಬಿದ್ದಿದ್ದ. ಸುತ್ತಿ ಸುತ್ತಿ ಸರಪಳಿ ಕಂಬಕ್ಕೆ ಬಿಗಿದು ಗೇಣುದ್ದ ಉಳಿದಿತ್ತು. ನೆರಳಿನವರೆಗೆ ಹೋಗಲಾಗದೆ ಮೂರು ದಿನ ಬಿಸಿಲಲ್ಲೇ ಇದ್ದ. ಮಡಕೆ ಉರುಳಿ ಒಡೆದಿತ್ತು. ಕಂಬದ ಸುತ್ತ ಅವನು ಕೆರೆದ ಮಣ್ಣು ಗುಂಡಿ ಬಿದ್ದಿತ್ತು. ಸಿಂಚನಾ ಕೂಗಿದಾಗ ಕಣ್ಣು ತೆರೆದ. ಬಾಲ ಎತ್ತಲು ನೋಡಿದ, ಆಗಲಿಲ್ಲ.

ಉಷಾರಾಣಿ ಅಳುತ್ತಾ ಬಕೆಟ್ ನೀರು ತಂದಳು. ಶಶಿಕುಮಾರ ಕೆಂಚನನ್ನು ಹೆಗಲಿಗೆ ಹಾಕಿಕೊಂಡು ಆಟೋ ಹತ್ತಿದ. ದನದ ಆಸ್ಪತ್ರೆಗೆ ಹಬ್ಬದ ರಜೆ. ಪಕ್ಕದ ಅಂಗಡಿಯವರು ಅಲ್ಲೇ ಕೆಲಸ ಮಾಡುವ ಭಾನು ಮೇಡಂ ಮನೆ ತೋರಿಸಿದರು. ಆಕೆ ಊಟದ ಕೈ ತೊಳೆದುಕೊಂಡು ಓಡಿಬಂದು ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರು ಹೇಳಿದಂತೆ ತಾವೇ ಡ್ರಿಪ್ ಏರಿಸಿದರು.

"ಒಂದೇ ಸಲ ನೀರು ಸುರೀಬೇಡಿ, ಚಮಚದಾಗೆ ಸ್ವಲ್ಪ ಸ್ವಲ್ಪ ಹಾಕಿ" ಎಂದರು. ಆಮೇಲೆ ಒಸಡು ಒತ್ತಿ ನೋಡಿದರು.

"ಬದುಕ್ತಾನಾ ಮೇಡಂ?"

"ನೀರಿಲ್ದೆ ಕಿಡ್ನಿ ಕೆಟ್ಟೋಗಿರೋ ಹಂಗೈತೆ ಕಣಪ್ಪ. ನಿನ್ನೆನಾದ್ರೂ ಯಾರಾದ್ರೂ ನೋಡಿದ್ದಿದ್ರೆ..." ಎಂದರು ಆಕೆ.

ನಿನ್ನೆ. ನಿನ್ನೆ ಬಾಡೂಟವಿತ್ತು, ಜೇಬಿನಲ್ಲಿ ಫೋನಿತ್ತು. ಮಾರನೆಯ ದಿನ ಬೆಳಿಗ್ಗೆ ಸಿಂಚನಾಳ ಮಡಿಲಲ್ಲೇ ಕೆಂಚ ಹೋಗಿಬಿಟ್ಟ.

ಮಧ್ಯಾಹ್ನ ಪೂಂಗೊಡಿ ಊರಿಂದ ಬಂದಳು. ಸುದ್ದಿ ಕೇಳಿ ಬ್ಯಾಗ್ ಅಲ್ಲೇ ಹಾಕಿ ಓಡಿಬಂದಳು.

"ಅಯ್ಯೋ ಪಾವಂ... ಅಣ್ಣಾ, ಅವತ್ತು ಸಂತೆಯಿಂದ ಬಂದು ನೋಡ್ದೆ, ಬೀಗ ಹಾಕಿತ್ತು. ನಾವೂ ಸಾಯಂಕಾಲ ಊರಿಗೆ ಹೋಗ್ತೀವಿ ಅಂತ ಹೇಳೋಕೆ ಮೂರು ಸಲ ಫೋನ್ ಮಾಡ್ದೆ. ಸ್ವಿಚ್ ಆಫ್ ಅಂತಾನೇ ಬಂತು. ನೀವು ವೆಂಕಿಗೆ ಹೇಳಿರ್ತೀರಿ ಅಂದ್ಕೊಂಡೆ. ಮಡಕೆ ತುಂಬ ನೀರು ಹಾಕಿ, ಅನ್ನ ಇಟ್ಟು ಹೋದೆ. ಬಿಚ್ಚಿ ಬಿಟ್ಟಾದ್ರೂ ಹೋಗ್ಬೇಕಿತ್ತು. ಬೇರೆಯವರ ನಾಯಿ ಹೇಗೆ ಬಿಚ್ಚೋದು ಅಂತ ಸುಮ್ಮನಾದೆ ಅಣ್ಣಾ."

ವೆಂಕಿ ಕೊನೆಯ ಮನೆಯ ಹುಡುಗ, ಅದೇ ಫ್ಯಾಕ್ಟರಿಯವನು. ಅವನು ಭೋಗಿಯ ಹಿಂದಿನ ದಿನವೇ ಕೋಲಾರಕ್ಕೆ ಹೋಗಿದ್ದ. ಇವರು ಅವಳನ್ನು ನಂಬಿದರು, ಅವಳು ವೆಂಕಿಯನ್ನು ನಂಬಿದಳು. ಯಾರೂ ಯಾರನ್ನೂ ಕೇಳಲಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಅನ್ನುತ್ತಾರೆ. ಇಲ್ಲಿ ಬಾಯಿದ್ದವರೆಲ್ಲ ಸುಮ್ಮನಿದ್ದರು, ಮೂಕಪ್ರಾಣಿ ಸತ್ತಿತು. ಶಶಿಕುಮಾರನಿಗೆ ಪೂಂಗೊಡಿಯ ಮೇಲೆ ಸಿಟ್ಟು ಮಾಡಲೂ ಮುಖವಿರಲಿಲ್ಲ.

"ತಪ್ಪು ನಂದೇ ಕಣಮ್ಮ. ಅಣ್ಣ ಕೇಳ್ದ, ಏಳ್ ಬಂದಿದ್ದೀಯಾ ಅಂತ. ಹೂಂ ಅಂದ್ಬುಟ್ಟೆ" ಎಂದ. ಅದನ್ನು ಹೆಂಡತಿಯ ಮುಂದೆ ಅವನು ಹೇಳಿದ್ದು ಅದೇ ಮೊದಲು. ಉಷಾರಾಣಿ ಅವನ ಮುಖ ನೋಡಿದಳು, ಒಳಗೆ ಹೋದಳು.

ಯುಗಾದಿ ಹತ್ತಿರ ಬಂದಾಗ ಶಶಿಕುಮಾರನೇ ಹೋಗಿ ಭಾನು ಮೇಡಂ ಅವರನ್ನು ವಠಾರಕ್ಕೆ ಕರೆತಂದ. ಹಬ್ಬಕ್ಕೆ ಹೊರಡುವವರು ಸಾಕುಪ್ರಾಣಿಗೆ ಏನೇನು ಏರ್ಪಾಡು ಮಾಡಬೇಕೆಂದು ಆಕೆ ಹೇಳತೊಡಗಿದರು, ಆರು ಮನೆಯವರೂ ಅಂಗಳದಲ್ಲಿ ಕುಳಿತು ಕೇಳಿದರು. ವೆಂಕಿ ಮಾತ್ರ ಬಾಗಿಲಿಗೆ ಒರಗಿ ನಿಂತಿದ್ದ. ಅವನ ಮನೆಯಲ್ಲಿ ಒಂದು ಬೆಕ್ಕು, ಅದರ ಮೂರು ಮರಿ.

"ನಾಯಿ ಸರಿ ಮೇಡಂ, ಬೆಕ್ಕಿಗ್ಯಾಕೆ ಇಷ್ಟೆಲ್ಲ? ಅದೇ ಇಲಿ ಹಿಡ್ಕೊಂಡು ತಿಂತದೆ."

"ಇಲಿ ಹಿಡಿಯೋಕೆ ನೀನು ಬಾಗ್ಲು ತೆಗ್ದಿಟ್ಟು ಹೋಗ್ತೀಯಾ?" ಎಂದು ಭಾನು ನಕ್ಕರು. "ಹೊರಡೋ ಗಲಾಟೆನಾಗೆ ಬೆಕ್ಕು ಹೆದ್ರಿ ಮಂಚದ ಕೆಳ್ಗೆ ಸೇರ್ಕೊಂಡಿರ್ತದೆ. ಎಣಿಸದೆ ಬೀಗ ಹಾಕಿದ್ರೆ ಮುಗೀತು ಕಥೆ. ಇರೋರಿಗೆ ಒಂದು ಬೀಗದಕೈ ಕೊಟ್ಟು ಹೋಗು."

"ಅಷ್ಟೂ ಮಾಡ್ಬೇಕಾ ಒಂದು ಬೆಕ್ಕಿಗೆ?"

ಆಗ ಶಶಿಕುಮಾರ ಎದ್ದು ನಿಂತ. "ನಾನೂ ಹಂಗೇ ಅಂದಿದ್ದೆ ಕಣ್ಲಾ ವೆಂಕಿ. ಏಳೋದೇನೈತೆ ಅಂತ. ಬಸ್ ತಪ್ಪೋದ್ರೆ ಇನ್ನೊಂದು ಬತ್ತಿತ್ತು." ವೆಂಕಿ ಬಾಗಿಲು ಬಿಟ್ಟು ಬಂದು ಎಲ್ಲರ ಜೊತೆ ಕುಳಿತ.

ಭಾನು ಮೇಡಂ ಸಾವಕಾಶವಾಗಿ ಬಿಡಿಸಿ ಹೇಳಿದರು. ಯಾರೂ ಇಲ್ಲದ ಕಡೆ ಪ್ರಾಣಿಯನ್ನು ಕಟ್ಟಿಹಾಕಿ ಹೋಗಲೇಬೇಡಿ. ಮಡಕೆ ಉರುಳುತ್ತದೆ, ಅದಕ್ಕೆ ಅಗಲವಾದ ಕಲ್ಲುಬಾನಿ ಇಡಿ, ಎರಡು ಕಡೆ ಇಡಿ. ದಿನಕ್ಕೆ ಎರಡು ಸಲ ಯಾರಾದರೂ ಕಣ್ಣಾರೆ ನೋಡಬೇಕು. ಹಬ್ಬದ ಊಟದ ಮೂಳೆ ಗಂಟಲಿಗೆ ಸಿಕ್ಕುತ್ತದೆ, ಪ್ರೀತಿ ಅಂತ ಹಾಕಬೇಡಿ. ಪಟಾಕಿ ಹಬ್ಬದಲ್ಲಿ ಮನೆಯೊಳಗೆ ಇರಿಸಿಕೊಳ್ಳಿ. ಹುಚ್ಚುನಾಯಿ ರೋಗದ ಚುಚ್ಚುಮದ್ದು ವರ್ಷ ವರ್ಷ ಹಾಕಿಸಿ. ಆಸ್ಪತ್ರೆಯ ನಂಬರು ಗೋಡೆ ಮೇಲೆ ಬರೆದಿಡಿ, ರಜೆಯಲ್ಲಿ ಯಾರು ಸಿಗುತ್ತಾರೆಂದು ಮೊದಲೇ ಕೇಳಿಕೊಳ್ಳಿ.

"ಎಲ್ಲಕ್ಕಿಂತ ಮುಖ್ಯ, ಹೊರಡೋ ಮುಂಚೆ ಬಾಯಿಬಿಟ್ಟು ಕೇಳಿ. ಅವರು 'ಆಯ್ತು, ನಾನಿರ್ತೀನಿ' ಅನ್ನೋದು ನಿಮ್ಮ ಕಿವಿಗೆ ಬೀಳಬೇಕು" ಎಂದರು.

ಹೊರಡುವಾಗ ಆಕೆ ಸಿಂಚನಾಳನ್ನು ಹತ್ತಿರ ಕರೆದರು. "ನಮ್ಮನೆ ಹತ್ರ ನಾಯಿ ಮರಿ ಹಾಕೈತೆ. ಒಂದು ತಂದ್ಕೊಡ್ಲಾ ಪುಟ್ಟಾ?"

ಸಿಂಚನಾ ಅಪ್ಪನ ಕಡೆ ನೋಡಿದಳು. ಮುನಿಸಿನಿಂದ ಅಲ್ಲ, ಲೆಕ್ಕ ಹೇಳುವ ಹಾಗೆ ಹೇಳಿದಳು.

"ಬ್ಯಾಡ ಆಂಟಿ. ನಾವು ಹಬ್ಬಕ್ಕೆ ಊರಿಗೆ ಹೋಗ್ತೀವಲ್ಲ."

ಶಶಿಕುಮಾರ ತಲೆ ತಗ್ಗಿಸಿ ನಿಂತಿದ್ದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ.

ಮುಂದಿನ ಪೊಂಗಲ್ ಬಂತು. ವಠಾರದವರೆಲ್ಲ ಹೊರಟರು. ಉಷಾರಾಣಿ, ಸಿಂಚನಾ ಅಣ್ಣನ ಊರಿಗೆ ಹೋದರು. ಶಶಿಕುಮಾರ ಹೋಗಲಿಲ್ಲ. "ನಾನಿರ್ತೀನಿ" ಎಂದು ಮನೆಮನೆಗೆ ಹೋಗಿ ತಾನೇ ಹೇಳಿಬಂದ. ನಾಲ್ಕು ದಿನ ವೆಂಕಿಯ ಬೆಕ್ಕಿಗೆ ಹಾಲು, ಪೂಂಗೊಡಿ ಹೊಸದಾಗಿ ಸಾಕಿದ್ದ ಕೋಳಿಗಳಿಗೆ ಕಾಳು ಹಾಕಿದ. ಹಬ್ಬದ ದಿನ ಅಣ್ಣನ ಊರಿಂದ ಸಿಂಚನಾ ಫೋನ್ ಮಾಡಿದಳು. ಶುಭಾಶಯ ಹೇಳಲಿಲ್ಲ, ಊಟ ಆಯಿತಾ ಎಂದೂ ಕೇಳಲಿಲ್ಲ.

"ಅಪ್ಪ, ಎಲ್ಲಕ್ಕೂ ನೀರಿಟ್ಯಾ?"

"ಇಟ್ಟೆ ಕಣವ್ವ."

"ದಿಟವಾಗ್ಲೂ?"

ಮಗಳಿಗೆ ಅಪ್ಪನ ಮಾತನ್ನು ಎರಡು ಸಲ ಕೇಳಬೇಕಾಗಿ ಬಂದಿತ್ತು. "ದಿಟವಾಗ್ಲೂ ಕಣವ್ವ" ಎಂದು ಹೇಳಿ, ಶಶಿಕುಮಾರ ಮತ್ತೊಮ್ಮೆ ಹೋಗಿ ನೋಡಿಬಂದ.

ಅಕ್ಕಂದಿರೇ, ಅಣ್ಣಂದಿರೇ, ಈ ಹಬ್ಬಕ್ಕೆ ನೀವೂ ಎಲ್ಲಿಗಾದರೂ ಹೊರಟಿರಬಹುದು. ಸಂತೋಷವಾಗಿ ಹೋಗಿ ಬನ್ನಿ. ಆದರೆ ಬೀಗ ಹಾಕುವ ಮೊದಲು ಪಕ್ಕದ ಮನೆಯ ಬಾಗಿಲು ತಟ್ಟಿ. "ನೀವು ಇರ್ತೀರಾ? ನಮ್ಮ ನಾಯಿ ನೋಡ್ಕೋತೀರಾ?" ಎಂದು ಕೇಳಿ. ಅವರು ಇಲ್ಲವೆಂದರೆ ಇನ್ನೊಂದು ಬಾಗಿಲು ತಟ್ಟಿ. ಯಾರೂ ಸಿಗದಿದ್ದರೆ ಜೊತೆಗೆ ಕರೆದೊಯ್ಯಿರಿ, ಇಲ್ಲವೇ ಮನೆಯಲ್ಲಿ ಒಬ್ಬರು ಉಳಿಯಿರಿ. ಒಂದು ಬಸ್ಸು ತಪ್ಪಿದರೆ ತಪ್ಪಲಿ. ನೀವು ಬರುವ ದಾರಿ ನೋಡುತ್ತಾ ಕೂತಿರುವ ಜೀವಕ್ಕೆ ನಿಮ್ಮ ಹಬ್ಬ ಯಾವುದು, ರಜೆ ಎಷ್ಟು ದಿನ ಎಂದು ಗೊತ್ತಿರುವುದಿಲ್ಲ.